ಬರೆದವರೇ ಅಳಿಸಲಿ

(1/7)
ಟಿಸಿ ತಗೊಂಡಿರೋ ಎಲ್ಲರಿಗೂ ಆ ಒಂದು ಸಾಲು ಗೊತ್ತು: 'ನಡತೆ: ಉತ್ತಮ'. ನಾವ್ಯಾರೂ ಅದನ್ನ ಕಣ್ಣೆತ್ತಿ ನೋಡೋದೂ ಇಲ್ಲ, ಯಾಕಂದ್ರೆ ಎಲ್ಲರಿಗೂ ಅದನ್ನೇ ಬರೆದಿರ್ತಾರೆ. ಆದರೆ ಆ ಜಾಗದಲ್ಲಿ 'ಸರಿಯಿಲ್ಲ' ಅಂತ ಬರೆದಿದ್ರೆ? ಕೆಲಸಕ್ಕೆ, ಆಸ್ಪತ್ರೆಗೆ, ಓದೋ ಖರ್ಚಿಗೆ, ಮನೆ ಸಾಲಕ್ಕೆ, ಎಲ್ಲದಕ್ಕೂ ಜೀವನಪೂರ್ತಿ ಅದೇ ಕಾಗದ ತೋರಿಸಬೇಕು ಅಂದ್ರೆ?

ಅಮೆರಿಕದಲ್ಲಿ ಸೈನ್ಯದ ಸೇವೆ ಮುಗಿಸಿ ಹೊರಗೆ ಬರುವವರ ಕೈಗೆ ಅಂಥದ್ದೊಂದು ಕಾಗದ ಕೊಡ್ತಾರೆ. ಅದರ ಹೆಸರು ಡಿಡಿ 214. ಎಷ್ಟು ವರ್ಷ ಸೇವೆ, ಯಾವ ಪದಕ, ಯಾಕೆ ಬಿಟ್ಟರು, ಎಲ್ಲಾ ಅದರಲ್ಲಿರುತ್ತೆ. ಅದರಲ್ಲೇ ಒಂದು ಪುಟ್ಟ ಚೌಕದಲ್ಲಿ 'ಸೇವೆ ಎಂಥದ್ದು' ಅಂತ ಒಂದೆರಡು ಪದ. ಆ ಪದ ಚೆನ್ನಾಗಿದ್ರೆ ಬಾಗಿಲು ತೆರೆಯುತ್ತೆ, ಇಲ್ಲಾಂದ್ರೆ ಒಂದೊಂದೇ ಮುಚ್ಚಿಕೊಳ್ಳುತ್ತೆ.

ವೆಬ್ ಸೀರೀಸ್ ನೋಡೋರಿಗೆ 'ಡಿಸ್‌ಆನರಬಲ್ ಡಿಸ್ಚಾರ್ಜ್' ಅನ್ನೋ ಮಾತು ಕಿವಿಗೆ ಬಿದ್ದಿರುತ್ತೆ. ಆದರೆ ಆಮೇಲೆ ಏನಾಗುತ್ತೆ, ಆ ಪದ ತಪ್ಪಾಗಿದ್ರೆ ತಿದ್ದಿಸೋದು ಹೇಗೆ ಅಂತ ಯಾವ ಸೀರೀಸೂ ಹೇಳಲ್ಲ. ಈ ಸಲದ ಏಳು ಪೋಸ್ಟ್ ಅದರ ಬಗ್ಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಡಿಸ್ಚಾರ್ಜ್ ಅಪ್‌ಗ್ರೇಡ್ ಅನ್ನೋದು ಸೈನಿಕ ಬೇಡಿ ಪಡೆಯೋ ಕ್ಷಮೆ ಅಲ್ಲ. ತಪ್ಪಾಗಿ ಬರೆದಿದ್ದನ್ನ ಹುಡುಕಿ ತಿದ್ದೋ ಹೊರೆ ಬರೆದವರ ಮೇಲೇ ಇರಬೇಕು. ಒಪ್ಪೋದು ಬಿಡೋದು ಪೂರ್ತಿ ಓದಿದ ಮೇಲೆ.

(2/7)
ಮೊದಲು ಮೆಟ್ಟಿಲು ಅರ್ಥ ಮಾಡ್ಕೊಳ್ಳೋಣ. ಮುಖ್ಯವಾಗಿ ಐದು.

ಮೇಲಿನದು 'ಆನರಬಲ್', ಅಂದರೆ ಗೌರವದ ಬಿಡುಗಡೆ. ಅದರ ಕೆಳಗೆ 'ಜನರಲ್', ಸೇವೆ ಪರವಾಗಿಲ್ಲ, ಆದರೆ ಏನೋ ಕೊರತೆ ಇದೆ ಅಂತ. ಮೂರನೇದು 'ಅದರ್ ದ್ಯಾನ್ ಆನರಬಲ್', ಚಿಕ್ಕದಾಗಿ ಓಟಿಎಚ್. ನಾಲ್ಕನೇದು 'ಬ್ಯಾಡ್ ಕಂಡಕ್ಟ್'. ಕೊನೇದು 'ಡಿಸ್‌ಆನರಬಲ್'.

ಇಲ್ಲಿ ಒಂದು ವಿಷಯ ಗಮನಿಸಿ. ಕೊನೆಯ ಎರಡಕ್ಕೆ ಕೋರ್ಟ್ ಮಾರ್ಷಲ್ ಆಗಲೇಬೇಕು. ಅಂದರೆ ವಿಚಾರಣೆ, ಸಾಕ್ಷಿ, ವಕೀಲ, ತೀರ್ಪು. ಆದರೆ ಮಧ್ಯದ ಓಟಿಎಚ್‌ಗೆ ಅದ್ಯಾವುದೂ ಬೇಕಿಲ್ಲ. ಅದು ಆಡಳಿತದ ಕ್ರಮ, ಮೇಲಧಿಕಾರಿಗಳ ಹಂತದಲ್ಲೇ ಮುಗಿಯುತ್ತೆ. ಎಷ್ಟೋ ಸಲ "ಕೋರ್ಟ್ ಮಾರ್ಷಲ್ ಬೇಡ ಅಂದ್ರೆ ಇದಕ್ಕೆ ಸೈನ್ ಹಾಕು" ಅನ್ನೋ ಥರ ಆಗುತ್ತೆ. ಇಪ್ಪತ್ತರ ಆಸುಪಾಸಿನ ಹುಡುಗ, ಮನೆಗೆ ಹೋದ್ರೆ ಸಾಕಪ್ಪಾ ಅನ್ನೋ ಸ್ಥಿತಿ. ಸೈನ್ ಹಾಕಿಬಿಡ್ತಾನೆ.

ಆಮೇಲೆ ಗೊತ್ತಾಗುತ್ತೆ ಬೆಲೆ ಎಷ್ಟು ಅಂತ. ಅಲ್ಲಿ ಮಾಜಿ ಸೈನಿಕರ ಓದಿನ ಖರ್ಚು ನೋಡ್ಕೊಳ್ಳೋ 'ಜಿಐ ಬಿಲ್' ಯೋಜನೆ ಇದೆ. ಅದಕ್ಕೆ ಪೂರ್ತಿ ಆನರಬಲ್ ಬೇಕು. 'ಜನರಲ್' ಇದ್ರೂ ಸಿಗಲ್ಲ. ಓಟಿಎಚ್ ಇದ್ದವರು ಮಾಜಿ ಸೈನಿಕರ ಇಲಾಖೆಯ ಚಿಕಿತ್ಸೆ, ಪರಿಹಾರಕ್ಕೆ ಹೋದ್ರೆ, ಇವನು ಅರ್ಹನಾ ಅಂತ ಇಲಾಖೆ ಮತ್ತೆ ಬೇರೆಯಾಗಿ ತನಿಖೆ ಮಾಡುತ್ತೆ. 2018ರ ಒಂದು ಕಾನೂನಿನ ಮೇಲೆ ಓಟಿಎಚ್ ಇರೋ ಕೆಲವರಿಗೆ ಮಾನಸಿಕ ಆರೋಗ್ಯ ಚಿಕಿತ್ಸೆಯ ಬಾಗಿಲು ತೆರೆದಿದೆ. ಒಳ್ಳೇದೇ. ಆದರೆ ಕಾಗದದ ಮೇಲಿನ ಪದ ಹಾಗೇ ಇದೆ. ಕೆಲಸ ಕೊಡೋನು ಕೇಳೋದು ಆ ಕಾಗದವನ್ನೇ.

(3/7)
"ಸೈನ್ಯ ಸುಮ್ಸುಮ್ನೆ ಹಾಗೆ ಬರೆಯುತ್ತಾ?" ಅಂತ ಕೇಳ್ತೀರ. ನ್ಯಾಯವಾದ ಪ್ರಶ್ನೆ. ಇತಿಹಾಸ ನೋಡೋಣ.

1906ರ ಆಗಸ್ಟ್, ಟೆಕ್ಸಾಸ್‌ನ ಬ್ರೌನ್ಸ್‌ವಿಲ್. ರಾತ್ರಿ ಊರಲ್ಲಿ ಗುಂಡು ಹಾರಿ ಬಾರ್‌ನಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಸತ್ತ. ಊರಿನ ಬಿಳಿಯರು ಪಕ್ಕದ ಕೋಟೆಯಲ್ಲಿದ್ದ ಕಪ್ಪು ಸೈನಿಕರ ಕಡೆ ಬೆರಳು ತೋರಿಸಿದ್ರು. ಆ ಹೊತ್ತಲ್ಲಿ ಹುಡುಗರು ಬ್ಯಾರಕ್‌ನಲ್ಲೇ ಇದ್ರು ಅಂತ ಅವರ ಬಿಳಿ ಅಧಿಕಾರಿಗಳೇ ಹೇಳಿದ್ರು. ಯಾರ ಮೇಲೂ ಅಪರಾಧ ಸಾಬೀತಾಗಲಿಲ್ಲ. ಆದರೂ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ 167 ಸೈನಿಕರನ್ನ 'ಗೌರವವಿಲ್ಲದೆ' ಮನೆಗೆ ಕಳಿಸಿದ್ರು.

ಸೈನ್ಯ ಆ ಆದೇಶವನ್ನ ರದ್ದು ಮಾಡಿದ್ದು 1972ರಲ್ಲಿ. 66 ವರ್ಷ! ಅಷ್ಟೊತ್ತಿಗೆ ಹೆಚ್ಚುಕಮ್ಮಿ ಎಲ್ಲರೂ ತೀರಿಕೊಂಡಿದ್ರು. ಬದುಕಿ ಉಳಿದಿದ್ದ ಡಾರ್ಸಿ ವಿಲ್ಲಿಸ್ ಅನ್ನೋ ಅಜ್ಜ ಮಿನಿಯಾಪೊಲಿಸ್‌ನ ಕ್ಷೌರದ ಅಂಗಡಿಯಲ್ಲಿ ದಶಕಗಟ್ಟಲೆ ಬೂಟು ಪಾಲಿಶ್ ಮಾಡ್ಕೊಂಡು ಬದುಕಿದ್ದೋರು. ಗೌರವದ ಕಾಗದ ಅವರ ಕೈಗೆ ಬಂದಿದ್ದು 1973ರಲ್ಲಿ, 87ನೇ ವಯಸ್ಸಿಗೆ.

ಇನ್ನೊಂದು. ಎರಡನೇ ಮಹಾಯುದ್ಧದ ಹೊತ್ತಲ್ಲಿ 'ನೀಲಿ ಡಿಸ್ಚಾರ್ಜ್' ಅಂತ ಒಂದಿತ್ತು. ನೀಲಿ ಕಾಗದದ ಮೇಲೆ ಅಚ್ಚಾಗ್ತಿತ್ತು, ಅದಕ್ಕೆ ಆ ಹೆಸರು. ಗೌರವದ್ದೂ ಅಲ್ಲ, ಅಗೌರವದ್ದೂ ಅಲ್ಲ, ವಿಚಾರಣೆಯೂ ಇಲ್ಲ. 1941ರಿಂದ 1945ರ ಮಧ್ಯೆ ಸುಮಾರು 48,000 ಜನಕ್ಕೆ ಕೊಟ್ಟರು. ಸಲಿಂಗಿಗಳು ಅಂತ ಅನುಮಾನ ಬಂದವರನ್ನ ಹೀಗೇ ಹೊರಗೆ ಹಾಕ್ತಿದ್ರು. ಸೈನ್ಯದಲ್ಲಿ ಕಪ್ಪು ಜನರ ಪಾಲು ಶೇ. 6.5 ಇದ್ದರೆ, ನೀಲಿ ಕಾಗದ ಸಿಕ್ಕವರಲ್ಲಿ ಅವರ ಪಾಲು ಶೇ. 22. 'ಪಿಟ್ಸ್‌ಬರ್ಗ್ ಕೊರಿಯರ್' ಅನ್ನೋ ಕಪ್ಪು ಜನರ ಪತ್ರಿಕೆ ಇದರ ವಿರುದ್ಧ ಜೋರಾಗಿ ಬರೆಯಿತು. 1947ರಲ್ಲಿ ನೀಲಿ ಕಾಗದ ನಿಂತಿತು. ಆದರೆ ಆಗಲೇ ಪಡೆದವರ ಕೈಯಲ್ಲಿ ಅದು ಉಳ್ಕೊಂಡೇ ಬಿಡ್ತು.

ಈ ಎರಡರಲ್ಲೂ 'ಕೆಟ್ಟ ನಡತೆ' ಇದ್ದಿದ್ದು ಯಾರದು? ನೀವೇ ಹೇಳಿ.

(4/7)
ಅದು ಹಳೇ ಕಾಲ ಅಂತ ಬಿಡೋಣ ಅಂದ್ರೆ, ವಿಯೆಟ್ನಾಂ ಯುದ್ಧ ಇದೆ.

ಯುದ್ಧ ನೋಡಿ ಬಂದ ಹುಡುಗ. ನಿದ್ದೆ ಬರಲ್ಲ, ಸಣ್ಣ ಸದ್ದಿಗೂ ಬೆಚ್ಚಿ ಬೀಳ್ತಾನೆ, ಕುಡೀತಾನೆ, ಮೇಲಧಿಕಾರಿ ಜೊತೆ ಜಗಳ ಆಡ್ತಾನೆ, ಒಂದು ದಿನ ಹೇಳದೇ ಕೇಳದೇ ಹೋಗಿಬಿಡ್ತಾನೆ. ಇವತ್ತು ನಾವು ಇದನ್ನ ಪಿಟಿಎಸ್‌ಡಿ ಇರಬಹುದು ಅಂತೀವಿ. ಆದರೆ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಆ ಕಾಯಿಲೆಗೆ ಹೆಸರು ಸಿಕ್ಕಿದ್ದೇ 1980ರಲ್ಲಿ. ಯುದ್ಧ ಮುಗಿದಿದ್ದು 1975ರಲ್ಲಿ. ಹಾಗಾಗಿ ಆ ಹುಡುಗನ ಕಾಯಿಲೆಯ ಲಕ್ಷಣಗಳನ್ನೆಲ್ಲ 'ಅಶಿಸ್ತು' ಅಂತ ಬರೆದ್ರು. ಓಟಿಎಚ್ ಕೊಟ್ಟು ಕಳಿಸಿದ್ರು. ಓಟಿಎಚ್ ಇದ್ದಿದ್ದರಿಂದ ಚಿಕಿತ್ಸೆಯೂ ಸಿಗಲಿಲ್ಲ. ಅಂದ್ರೆ ಕಾಯಿಲೆ ಬಂದಿದ್ದಕ್ಕೆ ಶಿಕ್ಷೆ, ಆ ಶಿಕ್ಷೆ ಏನಪ್ಪಾ ಅಂದ್ರೆ ಅದೇ ಕಾಯಿಲೆಗೆ ಔಷಧಿ ಇಲ್ಲ. ಇದನ್ನ ಎರಡು ಸಲ ಓದಿ.

ಇದು ಬದಲಾಗಿದ್ದು ಹೇಗೆ ಗೊತ್ತಾ? 2014ರ ಮಾರ್ಚ್‌ನಲ್ಲಿ ಯೇಲ್ ವಿಶ್ವವಿದ್ಯಾಲಯದ ಲಾ ಸ್ಟೂಡೆಂಟ್‌ಗಳು ಓದುತ್ತಲೇ ನಡೆಸೋ ಕಾನೂನು ನೆರವು ಕೇಂದ್ರದ ಮೂಲಕ ಐದು ಜನ ವಿಯೆಟ್ನಾಂ ಸೈನಿಕರ ಪರವಾಗಿ ಕೇಸ್ ಹಾಕಿದ್ರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಆದೇಶ ಹೊರಡಿಸಿದ್ರು: ಪಿಟಿಎಸ್‌ಡಿ ಇರೋ ಅರ್ಜಿಗಳನ್ನ ಉದಾರವಾಗಿ ನೋಡಿ ಅಂತ. 2017ರ ಇನ್ನೊಂದು ಆದೇಶ ಇದನ್ನ ಮಿದುಳಿನ ಗಾಯ, ಲೈಂಗಿಕ ದೌರ್ಜನ್ಯ, ಕಿರುಕುಳಕ್ಕೂ ವಿಸ್ತರಿಸಿತು. ಗೌರವದ ಬಿಡುಗಡೆಗೆ ಒಂದೂ ಕಲೆ ಇಲ್ಲದ ಸೇವೆ ಇರಬೇಕಾಗಿಲ್ಲ ಅಂತಲೂ ಅದರಲ್ಲಿದೆ.

ನಮ್ಮ ವಯಸ್ಸಿನವರೂ ಕೈ ಹಾಕಿದ ಕೆಲಸ ಇದು. ಅದಕ್ಕೇ ಹೇಳ್ತಿದ್ದೀನಿ.

(5/7)
ಈಗ ನಿಜವಾದ ತಾಪತ್ರಯ. ಅಪ್‌ಗ್ರೇಡ್ ಕೇಳೋದು ಹೇಗೆ?

ಎರಡು ದಾರಿ. ಬಿಡುಗಡೆಯಾಗಿ 15 ವರ್ಷದೊಳಗಾದ್ರೆ 'ಡಿಸ್ಚಾರ್ಜ್ ರಿವ್ಯೂ ಬೋರ್ಡ್'ಗೆ ಡಿಡಿ 293 ಅನ್ನೋ ಫಾರ್ಮ್. 15 ವರ್ಷ ದಾಟಿದ್ರೆ, ಇಲ್ಲಾ ದೊಡ್ಡ ಕೋರ್ಟ್ ಮಾರ್ಷಲ್‌ನಿಂದ ಬಂದ ಡಿಸ್ಚಾರ್ಜ್ ಆದ್ರೆ, ದಾಖಲೆ ತಿದ್ದೋ ಇನ್ನೊಂದು ಬೋರ್ಡ್‌ಗೆ ಡಿಡಿ 149. ಇಲ್ಲಿ ತಪ್ಪು ಗೊತ್ತಾದ 3 ವರ್ಷದೊಳಗೆ ಹಾಕಬೇಕು ಅಂತ ನಿಯಮ. ನ್ಯಾಯಕ್ಕೆ ಬೇಕು ಅನ್ನಿಸಿದ್ರೆ ಬೋರ್ಡ್ ಅದನ್ನ ಸಡಿಲಿಸಬಹುದು. ಫೀಸ್ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ಕೇಳೋಕೆ ಸಲೀಸು ಅನ್ಸುತ್ತೆ ಅಲ್ವಾ?

ಆದರೆ ಬೋರ್ಡ್ ಕೂರೋದೇ 'ಸರ್ಕಾರದ ದಾಖಲೆ ಸರಿಯಾಗೇ ಇದೆ' ಅನ್ನೋ ನಂಬಿಕೆ ಮೇಲೆ. ಅದು ತಪ್ಪು ಅಂತ ತೋರಿಸೋ ಕೆಲಸ ಸೈನಿಕನದ್ದು. ಸೇವೆಯ ಫೈಲ್ ತರಿಸಬೇಕು, ವೈದ್ಯರ ಚೀಟಿ ಹುಡುಕಬೇಕು, ಜೊತೆಗಿದ್ದವರಿಂದ ಹೇಳಿಕೆ ಬರೆಸಬೇಕು. ಅಂದು ನಡೆದಿದ್ದಕ್ಕೂ ತನ್ನ ಕಾಯಿಲೆಗೂ ಏನು ಸಂಬಂಧ ಅಂತ ಬಿಡಿಸಿ ಹೇಳಬೇಕು. ನೆನಪಿಡಿ, ಇದನ್ನೆಲ್ಲ ಮಾಡಬೇಕಾದವನು ನಿದ್ದೆ ಬರದ, ಕೆಲಸ ಇಲ್ಲದ, ಕೆಲವೊಮ್ಮೆ ಮನೆಯೂ ಇಲ್ಲದ ಮನುಷ್ಯ. ಮರೀಬೇಕು ಅಂತ ಒದ್ದಾಡ್ತಿರೋದನ್ನೇ ಅವನು ತಾರೀಖು ಸಮೇತ ಬರೆದು ಕೊಡಬೇಕು.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. 1973ರ ಜುಲೈನಲ್ಲಿ ಸೇಂಟ್ ಲೂಯಿಸ್‌ನಲ್ಲಿರೋ ಸರ್ಕಾರಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು. 1 ಕೋಟಿ 60 ಲಕ್ಷಕ್ಕೂ ಹೆಚ್ಚು ಸೈನಿಕರ ಫೈಲ್ ಸುಟ್ಟುಹೋಯ್ತು. 1912ರಿಂದ 1960ರೊಳಗೆ ಭೂಸೇನೆ ಬಿಟ್ಟವರ ದಾಖಲೆಗಳಲ್ಲಿ ಶೇ. 80ರಷ್ಟು ಬೂದಿ. ಸುಟ್ಟಿದ್ದು ಸರ್ಕಾರದ ಕಟ್ಟಡ, ಸರ್ಕಾರದ ಫೈಲ್. ಪುರಾವೆ ತರಬೇಕಾದವನು ಮಾತ್ರ ಸೈನಿಕ. ಕಳೆದವರು ಒಬ್ಬರು, ಹುಡುಕೋರು ಇನ್ನೊಬ್ಬರು!

(6/7)
ಈಗ ಎದುರು ವಾದ. ಅದನ್ನ ತಳ್ಳಿಹಾಕೋಕೆ ನನಗಿಷ್ಟ ಇಲ್ಲ, ಅದರಲ್ಲಿ ಹುರುಳಿದೆ.

"ಶಿಸ್ತು ಇಲ್ಲದಿದ್ರೆ ಸೈನ್ಯ ಇಲ್ಲ. ಕಷ್ಟಪಟ್ಟು, ಪ್ರಾಣ ಒತ್ತೆ ಇಟ್ಟು ಗೌರವದಿಂದ ಬಂದವರಿಗೂ ಓಡಿಹೋದವನಿಗೂ ಒಂದೇ ಕಾಗದ ಕೊಟ್ರೆ, ಆ ಗೌರವಕ್ಕೆ ಬೆಲೆ ಏನು?"

ಸರಿ. ಕೊಲೆ, ಅತ್ಯಾಚಾರ, ದೇಶದ್ರೋಹ ಮಾಡಿ ವಿಚಾರಣೆಯಲ್ಲಿ ಸಾಬೀತಾದವರ ಬಗ್ಗೆ ನಾನು ಮಾತಾಡ್ತಿಲ್ಲ. ಎಲ್ಲರಿಗೂ ಕಣ್ಣು ಮುಚ್ಚಿ ಆನರಬಲ್ ಕೊಡಿ ಅಂತಲೂ ಹೇಳ್ತಿಲ್ಲ. ನನ್ನ ಮಾತು ವಿಚಾರಣೆಯೇ ಇಲ್ಲದೆ ಬರೆದ ಪದದ ಬಗ್ಗೆ. ಬರೆಯುವಾಗ ಒಂದು ಸೈನ್ ಸಾಕಾಗಿತ್ತು, ಅಳಿಸುವಾಗ ಮಾತ್ರ ಕಟ್ಟುಗಟ್ಟಲೆ ಸಾಕ್ಷಿ ಬೇಕು ಅನ್ನೋದು ಯಾವ ಶಿಸ್ತು? ತಪ್ಪು ಪದಗಳು ಬೆರೆತುಹೋದ್ರೆ ಸರಿಯಾದ ಪದದ ಬೆಲೆಯೂ ಇಳಿಯುತ್ತೆ. ಗೌರವದಿಂದ ಬಂದವರಿಗೂ ಅದರಿಂದ ನಷ್ಟವೇ.

"ಲಕ್ಷಾಂತರ ಫೈಲ್ ಯಾರು ತೆಗೆದು ನೋಡ್ತಾರೆ?" ಅನ್ನೋದು ಇನ್ನೊಂದು ವಾದ. ಇದಕ್ಕೆ ಉತ್ತರವನ್ನ ಪೆಂಟಗನ್ನೇ ಕೊಟ್ಟಿದೆ. ಸಲಿಂಗಿಗಳು ತಮ್ಮ ಗುಟ್ಟು ಬಿಟ್ಟುಕೊಟ್ರೆ ಸೈನ್ಯದಿಂದ ಹೊರಗೆ ಅನ್ನೋ ನೀತಿ 1990ರ ದಶಕದಿಂದ 2011ರ ಸೆಪ್ಟೆಂಬರ್‌ವರೆಗೂ ಇತ್ತು. 'ಕೇಳಬೇಡಿ, ಹೇಳಬೇಡಿ' ಅಂತ ಅದರ ಹೆಸರು. 13,000ಕ್ಕೂ ಹೆಚ್ಚು ಜನ ಕೆಲಸ ಕಳ್ಕೊಂಡ್ರು. ಹೆಚ್ಚಿನವರಿಗೆ ಆನರಬಲ್ ಸಿಕ್ಕಿತ್ತು, ಎಲ್ಲರಿಗೂ ಅಲ್ಲ. ನೀತಿ ರದ್ದಾಗಿ 12 ವರ್ಷ, ತಿದ್ದಿಸ್ಕೊಳ್ಳಬೇಕು ಅಂದ್ರೆ ನೀವೇ ಅರ್ಜಿ ಹಾಕಿ ಅಂತಿದ್ರು.

2023ರಲ್ಲಿ ಪೆಂಟಗನ್ ದಾರಿ ಬದಲಿಸಿತು. ಅರ್ಜಿ ಹಾಕದೇ ಇದ್ದವರ ಫೈಲ್‌ಗಳನ್ನ ತಾನೇ ತೆಗೆದು ನೋಡಿತು. 2024ರ ಅಕ್ಟೋಬರ್‌ಗೆ 851 ಜನರ ಪರಿಶೀಲನೆ ಮುಗೀತು. ಅದರಲ್ಲಿ ಶೇ. 96.8 ಜನರ ಕಾಗದ ಆನರಬಲ್ ಆಯ್ತು.

ಆ ಸಂಖ್ಯೆ ಇನ್ನೊಂದು ಸಲ ನೋಡಿ. ಅರ್ಜಿಗೆ ಕಾದು ಕೂತಿದ್ರೆ ಇಷ್ಟೂ ಜನರ ಕೈಯಲ್ಲಿ ಹಳೇ ಪದವೇ ಇರ್ತಿತ್ತು. ಮನಸ್ಸು ಮಾಡಿದ್ರೆ ಆಗುತ್ತೆ ಅಂತ ಸಾಬೀತಾಗಿದೆ. ಹಾಗಿದ್ರೆ ಪಿಟಿಎಸ್‌ಡಿ ಇದ್ದವರ ಫೈಲ್ ಯಾಕೆ ತೆಗೀಬಾರದು? ದೌರ್ಜನ್ಯದ ದೂರು ಕೊಟ್ಟ ಮೇಲೆ 'ಅಶಿಸ್ತು' ಅಂತ ಹೊರಗೆ ಬಿದ್ದ ಹೆಣ್ಣುಮಕ್ಕಳ ಫೈಲ್ ಯಾಕೆ ತೆಗೀಬಾರದು?

(7/7)
"ಅಮೆರಿಕದ ವಿಷಯ ನಮಗ್ಯಾಕೆ?" ಅಂತ ಕಾಮೆಂಟ್ ಬಂದೇ ಬರುತ್ತೆ. ಅದಕ್ಕೆ ಇಲ್ಲೇ ಉತ್ತರ.

ನಮ್ಮ ಸೈನ್ಯದ ಪದ್ಧತಿ ಬೇರೆ, ಮೆಟ್ಟಿಲುಗಳೂ ಬೇರೆ. ಆದರೆ ಕಾಗದದ ಮೇಲಿನ ಗುರುತು ಇಲ್ಲೂ ಇದೆ. 'ರೆಡ್ ಇಂಕ್ ಎಂಟ್ರಿ', ಅಂದ್ರೆ ಶಿಕ್ಷೆಯಾದಾಗ ನಡತೆಯ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯೋದು. ಅಂಥವು ನಾಲ್ಕಾದ್ರೆ ಜವಾನನನ್ನ ಮನೆಗೆ ಕಳಿಸಬಹುದು. 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ನಾಲ್ಕು ಆಯ್ತು ಅಂದ ಮಾತ್ರಕ್ಕೆ ತಂತಾನೇ ಹೊರಗೆ ಹಾಕೋ ಹಾಗಿಲ್ಲ, ತಪ್ಪು ಎಂಥದ್ದು, ಎಷ್ಟು ವರ್ಷ ಸೇವೆ ಮಾಡಿದ್ದಾನೆ, ಎಂಥ ಕಷ್ಟದ ಜಾಗದಲ್ಲಿ ಇದ್ದ ಅನ್ನೋದನ್ನೂ ನೋಡಬೇಕು ಅಂತ. 2007ರ ಕಾಯ್ದೆಯಿಂದ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೂ ನಮ್ಮ ಸೈನಿಕರು ಹೋಗಬಹುದು. ಆದರೆ ಮೊದಲ ಹೆಜ್ಜೆ ಇಡಬೇಕಾದವನು ಇಲ್ಲೂ ಸೈನಿಕನೇ. ಕೊಡಗಿನಿಂದ, ಬೆಳಗಾವಿಯಿಂದ ಸೈನ್ಯಕ್ಕೆ ಹೋದವರ ಮನೆಗಳು ನಮ್ಮಲ್ಲಿ ಎಷ್ಟಿಲ್ಲ. ಇದು ದೂರದ ವಿಷಯ ಅಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ. ನಿಯಮ ತಪ್ಪಾಗಿತ್ತು, ಕಾಯಿಲೆ ಗೊತ್ತಾಗಿರಲಿಲ್ಲ, ಬಣ್ಣ ನೋಡಿ ಬರೆದಿದ್ವಿ ಅಂತ ಒಂದು ದೇಶ ಒಪ್ಪಿಕೊಂಡ ಮೇಲೆ, ಆ ನಿಯಮದಡಿ ಬರೆದ ಪ್ರತಿ ಕಾಗದವನ್ನೂ ತಾನೇ ತೆಗೆದು ನೋಡಬೇಕು. ಸಿಕ್ಕವರಿಗೆ ಹೊಸ ಕಾಗದವನ್ನ ಅಂಚೆಯಲ್ಲಿ ಕಳಿಸಬೇಕು. 87ರ ಅಜ್ಜನಿಗೆ ಕೊಟ್ಟು ಫೋಟೋ ತೆಗೆಸ್ಕೊಳ್ಳೋದು ನ್ಯಾಯ ಅಲ್ಲ. ಅದು 27ನೇ ವಯಸ್ಸಲ್ಲಿ ಸಿಕ್ಕಿದ್ರೆ ಅವರ ಬದುಕು ಬೇರೇನೇ ಇರ್ತಿತ್ತು.

ಒಪ್ಪಲ್ವಾ? ಕಾಮೆಂಟಲ್ಲಿ ಬನ್ನಿ, ಮರ್ಯಾದೆಯಿಂದ ಜಗಳ ಆಡೋಣ. ಲಾ ಓದ್ತಿರೋ ಫ್ರೆಂಡ್ಸ್‌ನ ಟ್ಯಾಗ್ ಮಾಡಿ. 4ನೇ ಪೋಸ್ಟ್ ಅವರಿಗೇ ಬರೆದಿದ್ದು. ಮನೇಲಿ ಮಾಜಿ ಸೈನಿಕರು ಇದ್ರೆ ಇವತ್ತು ರಾತ್ರಿ ಊಟ ಆದ್ಮೇಲೆ ಅವರ ಹತ್ರ ಕೂತು ಕೇಳಿ, ಕೆಂಪು ಶಾಯಿ ಅಂದ್ರೆ ಏನು ಅಂತ. ನನಗಿಂತ ಚೆನ್ನಾಗಿ ಹೇಳ್ತಾರೆ.

#ಬರೆದವರೇಅಳಿಸಲಿ #ಕನ್ನಡದಲ್ಲಿಓದಿ #ಸೈನಿಕರು #ನ್ಯಾಯ