ಕಿಲುಬಿನೊಳಗಣ ಅಕ್ಷರ

ಹಳೆಯ ನಾಣ್ಯವೊಂದು ಕೈಗೆ ಬಂದೊಡನೆ ಅದನ್ನು ಉಜ್ಜಿ ತೊಳೆದು ಹೊಳಪಿಗೆ ತರಬೇಕೆಂಬ ಆಸೆ ಹುಟ್ಟುವುದು ಮನುಷ್ಯಸ್ವಭಾವಕ್ಕೆ ತೀರ ಸಹಜವಾದದ್ದು. ಕೊಯಮತ್ತೂರಿನ ಪೀಳಮೇಡಿನ ಸುತ್ತಮುತ್ತ, ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರ ಮನೆಗಳಲ್ಲಾಗಲಿ, ತಮಿಳು ತೆಲುಗುಗಳನ್ನಾಡುವ ನೆರೆಯವರ ಮನೆಗಳಲ್ಲಾಗಲಿ, ಅಜ್ಜಿಯ ಕಾಲದ ಪೆಟ್ಟಿಗೆಯಲ್ಲಿ ಮಲಗಿದ್ದ ತಾಮ್ರದ ಕಾಸುಗಳೂ ಬೆಳ್ಳಿಯ ರೂಪಾಯಿಗಳೂ ಆಯುಧಪೂಜೆಗೋ ದೀಪಾವಳಿಯ ಲಕ್ಷ್ಮೀಪೂಜೆಗೋ ಹೊರಬಂದು, ದೇವರ ಪಾತ್ರೆಗಳೊಡನೆ ತಾವೂ ಹುಣಸೆಹಣ್ಣು ಉಪ್ಪುಗಳಲ್ಲಿ ಮಿಂದು, ಅರಿಸಿನ ಕುಂಕುಮಗಳನ್ನು ಧರಿಸಿ ಮಣೆಯನ್ನೇರುವುದುಂಟು. ಭಕ್ತಿಯಿಂದ ನಡೆಯುವ ಈ ಆಚಾರವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಆ ಸ್ನಾನದಲ್ಲಿ ನಾಣ್ಯಕ್ಕೆ ಏನಾಗುವುದೆಂಬುದನ್ನು ನಾಣ್ಯಪ್ರಿಯರೂ ಗೃಹಸ್ಥರೂ ತಿಳಿದಿರುವುದು ಅವಶ್ಯ. ಯಾವ ದ್ರವ್ಯವನ್ನು ಯಾವ ಲೋಹಕ್ಕೆ ಸೋಂಕಿಸಬಹುದು, ಯಾವುದನ್ನು ಎಂದೆಂದಿಗೂ ಸೋಂಕಿಸಕೂಡದು ಎಂಬ ವಿವೇಕವಿಲ್ಲದೆ ಪ್ರತಿವರ್ಷವೂ ಅಳಿದುಹೋಗುತ್ತಿರುವ ಚರಿತ್ರೆಯ ಮೊತ್ತ ಅಲ್ಪವಾದದ್ದಲ್ಲ.

ಹುಣಸೆಯ ಹುಳಿಯಲ್ಲಿರುವುದು ಟಾರ್ಟಾರಿಕ್ ಆಮ್ಲ. ಅದು ತಾಮ್ರದ ಮೇಲಣ ಕಂದು ಹಸುರು ಪದರಗಳನ್ನು ಕರಗಿಸಿ ಅಡಿಯಲ್ಲಿರುವ ಹಸಿ ಲೋಹವನ್ನು ಗುಲಾಬಿ ಬಣ್ಣದಲ್ಲಿ ತೆರೆದಿಡುವುದು. ನೀರು ಕಾಯಿಸುವ ಹಂಡೆಗೆ ಇದರಿಂದ ಹಾನಿಯೇನೂ ಇಲ್ಲ. ಅದರ ಪ್ರಯೋಜನವಿರುವುದು ಅದರ ಹೊಟ್ಟೆಯಲ್ಲಿ, ಮೈಯ ಮೇಲಲ್ಲ. ನಾಣ್ಯದ ಸಮಸ್ತ ಅರ್ಥವಾದರೋ ಕೂದಲೆಳೆಯಷ್ಟು ಎತ್ತರದ ಉಬ್ಬುಗೆರೆಗಳಲ್ಲಿ ಅಡಗಿರುವುದು, ಮತ್ತು ಆಮ್ಲವು ಮೊದಲು ತಿನ್ನುವುದು ಆ ಗೆರೆಗಳನ್ನೇ. ಇನ್ನು ಉಪ್ಪು ಮಾಡುವ ಅನರ್ಥ ಮರುದಿನ ಕಾಣುವಂಥದಲ್ಲ; ಅದರ ಕ್ಲೋರೈಡ್ ಅಂಶ ಲೋಹದ ಸೂಕ್ಷ್ಮರಂಧ್ರಗಳಲ್ಲಿ ಸೇರಿಕೊಂಡು, ಮುಂದಿನ ಮಳೆಗಾಲದ ತೇವಕ್ಕಾಗಿ ಕಾದುಕೊಂಡಿರುವುದು.

ಕೊಯಮತ್ತೂರು ಸೀಮೆಯು 1799ರಲ್ಲಿ ಟಿಪ್ಪುವಿನ ಪತನವಾಗಿ ಇಂಗ್ಲಿಷರ ಕೈಸೇರುವವರೆಗೆ ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತಾದುದರಿಂದ, ಶ್ರೀರಂಗಪಟ್ಟಣದ ಅರಸರ ನಾಣ್ಯಗಳಿಗೆ ಇದು ಪರಸ್ಥಳವಲ್ಲ. ಆನೆಯ ಚಿತ್ರವಿರುವ ಟಿಪ್ಪುವಿನ ತಾಮ್ರದ ಕಾಸನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಆತನು ತನ್ನ ನಾಣ್ಯಗಳಿಗೆ ಗ್ರಹನಕ್ಷತ್ರಗಳ ಹೆಸರಿಟ್ಟನು. ಪೈಸೆಗೆ ಶುಕ್ರಗ್ರಹವಾದ ಜೊಹರಾ, ಅರೆಪೈಸೆಗೆ ಕುಜನಾದ ಬಹರಾಮ್, ಅದರ ಅರ್ಧಕ್ಕೆ ತಾರೆಯಾದ ಅಖ್ತರ್. ಮೌಲೂದಿ ಎಂಬ ಹೊಸ ಶಕವನ್ನು ತಂದು, ವರ್ಷದ ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಕಡೆಯ ಕೆಲವು ವರ್ಷಗಳ ತಾಮ್ರದ ನಾಣ್ಯಗಳಲ್ಲಿ ವರ್ಷವನ್ನು ಸೂಚಿಸಲು ಅಲಿಫ್, ಬೇ, ತೇ ಮೊದಲಾದ ಒಂಟಿ ಅಕ್ಷರವೊಂದನ್ನೂ ಅಚ್ಚೊತ್ತಿಸಿದನು. ಆ ಅಕ್ಷರವು ಎಳ್ಳಿನ ಗಾತ್ರದ್ದು. ಬೇ ಎಂಬುದಕ್ಕೂ ತೇ ಎಂಬುದಕ್ಕೂ ಇರುವ ಭೇದವಾದರೂ ಚುಕ್ಕಿಗಳಲ್ಲಿದೆ. ಪಾತ್ರೆ ತಿಕ್ಕುವ ಪುಡಿಯಿಂದ ನಾಲ್ಕು ಸಲ ತಿಕ್ಕಿದ ಮೇಲೆ ಆನೆಯು ಹೇಗೋ ಉಳಿದುಕೊಳ್ಳಬಹುದು, ಚುಕ್ಕಿಯು ಉಳಿಯಲಾರದು. ಚುಕ್ಕಿಯೊಡನೆ ಆ ನಾಣ್ಯ ಯಾವ ವರ್ಷದ್ದೆಂಬ ನಿರ್ಣಯವೂ ಹೋಗುವುದು.

ಇದಕ್ಕಿಂತಲೂ ಪುರಾತನವಾದ ಸಂಪತ್ತು ಈ ನೆಲದಲ್ಲಿದೆ. ಪೀಳಮೇಡಿಗೆ ಅನತಿದೂರದಲ್ಲಿ ನೊಯ್ಯಲ್ ನದಿಯ ಬಳಿಯಿರುವ ವೆಳ್ಳಲೂರಿನಲ್ಲಿ 1842ರಲ್ಲಿ 522 ರೋಮನ್ ಬೆಳ್ಳಿಯ ನಾಣ್ಯಗಳು ದೊರೆತವು. ಇಂದಿನ ತಿರುಪ್ಪೂರು ಜಿಲ್ಲೆಗೆ ಸೇರಿದ ಕತ್ತಾಂಗಣ್ಣಿಯಲ್ಲಿ 1913ರಲ್ಲಿ 233 ನಾಣ್ಯಗಳು ಸಿಕ್ಕಿದುವು. ನಮ್ಮ ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ಹೊರಬಂದವು. ಇವುಗಳಲ್ಲಿ ಬಹುಪಾಲು ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳವು. ಪಡಿಯೂರಿನ ವೈಡೂರ್ಯಕ್ಕೂ ಮಲೆನಾಡಿನ ಮೆಣಸಿಗೂ ಪ್ರತಿಯಾಗಿ ಪಾಲಕ್ಕಾಡಿನ ಕಣಿವೆಯ ಮಾರ್ಗದಿಂದ ಒಳನಾಡಿಗೆ ಹರಿದುಬಂದ ಬೆಳ್ಳಿ ಅದು. ಸಾಮ್ರಾಜ್ಯದ ಧನವನ್ನು ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸಿನಷ್ಟು ಹೀರಿಕೊಳ್ಳುತ್ತಿದೆಯೆಂದು ರೋಮನ್ ಲೇಖಕನಾದ ಪ್ಲಿನಿ ವ್ಯಥೆಪಟ್ಟುದು ಸುಪ್ರಸಿದ್ಧವಷ್ಟೆ. 1898ರಲ್ಲಿ ಪುದುಕ್ಕೋಟೆಯ ಸೀಮೆಯಲ್ಲಿ ದೊರೆತ 501 ಚಿನ್ನದ ನಾಣ್ಯಗಳಲ್ಲಿ ಬಹಳಷ್ಟರ ಮೇಲೆ, ಚಕ್ರವರ್ತಿಯ ಮುಖಕ್ಕೆ ಅಡ್ಡವಾಗಿ ಉಳಿಯಿಂದ ಕಚ್ಚು ಹಾಕಿದ ಗುರುತಿದೆ. ಯಾರು, ಏತಕ್ಕಾಗಿ ಹಾಕಿದರೆಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಿರುವರು. ಆ ಕಚ್ಚಿನ ಅಂಚು ಚೂಪಾಗಿದೆಯೆ, ಸವೆದಿದೆಯೆ, ಅದರೊಳಗೆ ಮಣ್ಣು ಕುಳಿತಿದೆಯೆ ಎಂಬುದರ ಮೇಲೆ ಆ ಚರ್ಚೆ ನಿಂತಿರುವಾಗ, ಹೊಳಪಿನ ಮೋಹದಿಂದ ಅಂಚನ್ನು ನಯಗೊಳಿಸುವವನು ಸಾಕ್ಷಿಯ ಬಾಯನ್ನು ಮುಚ್ಚಿಸಿದಂತೆಯೇ ಸರಿ.

ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ನಿಧಾನಿಸಿ ವಿವರಿಸಬೇಕಾಗಿದೆ. ಅದು ಸಾಮಾನ್ಯಬುದ್ಧಿಗೆ ವಿರುದ್ಧವಾಗಿ ತೋರುವಂಥದು. ಕಿಲುಬು ಎಂಬುದು ನಾಣ್ಯದ ಮೇಲೆ ಹೊರಗಿನಿಂದ ಬಂದು ಕುಳಿತ ಕೊಳೆ, ಅದನ್ನು ಕಳೆದರೆ ಅಡಿಯಲ್ಲಿ ಮೂಲರೂಪವು ಅಕ್ಷತವಾಗಿ ಕಾದಿರುವುದು, ಎಂದು ನಾವೆಲ್ಲರೂ ಭಾವಿಸುತ್ತೇವೆ. ವಾಸ್ತವವು ಬೇರೆ. ಶತಮಾನಗಳ ಕಾಲ ಭೂಗತವಾಗಿದ್ದ ತಾಮ್ರದ ನಾಣ್ಯದಲ್ಲಿ ಲೋಹವೇ ಹೊರಗಿನಿಂದ ಒಳಮುಖವಾಗಿ ಖನಿಜವಾಗಿ ಮಾರ್ಪಡುತ್ತ ಹೋಗುವುದು. ಒಳಗೆ ಕ್ಯೂಪ್ರೈಟ್ ಎಂಬ ಕೆಂಪು ಪದರ, ಹೊರಗೆ ಮ್ಯಾಲಕೈಟ್ ಎಂಬ ಹಸುರು ಪದರ. ಟಂಕಸಾಲೆಯ ಅಚ್ಚು ಒಮ್ಮೆ ಮುಟ್ಟಿದ್ದ ಆ ಮೂಲ ಮೇಲ್ಮೈ ಈ ಪದರಗಳ ನಡುವಿನಲ್ಲೆಲ್ಲಿಯೋ ಉಳಿದಿರುವುದು. ಅದರ ಕೆಳಗಿರುವ ಲೋಹದ ತಿರುಳು ಅಂಕುಡೊಂಕಾಗಿ ಕೊರೆದುಹೋಗಿರುವುದು, ಅಲ್ಲಿ ಯಾವ ರಾಜಮುದ್ರೆಯೂ ಇಲ್ಲ. ಆದುದರಿಂದ ಬಹಳ ಹಳೆಯ ತಾಮ್ರದ ನಾಣ್ಯವನ್ನು ಆಮ್ಲದಲ್ಲಿ ಅದ್ದಿ ಲೋಹ ಕಾಣುವವರೆಗೆ ಕರಗಿಸುವವನು ಅಕ್ಷರಗಳನ್ನೇ ಕರಗಿಸಿ ಚೆಲ್ಲುತ್ತಿರುವನು. ಹೊಳೆಯುವ ಒಂದು ತಾಮ್ರದ ಚೂರು ಅವನ ಕೈಯಲ್ಲಿ ಉಳಿಯುವುದು, ಅಷ್ಟೆ.

ಕಿಲುಬು ಕಾಪಾಡುವುದು ಅಕ್ಷರವನ್ನು ಮಾತ್ರವಲ್ಲವೆಂಬುದು ಜವಳಿಯ ಊರಾದ ಪೀಳಮೇಡಿಗೆ ವಿಶೇಷವಾಗಿ ಹಿಡಿಸಬೇಕಾದ ಮಾತು. 1920ರ ದಶಕದ ಮೊಹೆಂಜೊದಾರೊ ಉತ್ಖನನದಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡಿದ್ದ ಬಟ್ಟೆಯ ತುಣುಕನ್ನು ಮುಂಬಯಿಯ ಹತ್ತಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಅದು ಹತ್ತಿಯ ನೂಲೆಂದು ನಿರ್ಧರಿಸಿದರು. ಲೋಹದ ಲವಣಗಳು ಎಳೆಯೊಳಗೆ ಇಳಿದು ಅದನ್ನು ಕೊಳೆಯಗೊಡಲಿಲ್ಲವಾದುದರಿಂದಲೇ ಸಿಂಧೂಪ್ರದೇಶದ ಜನ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಹತ್ತಿಯನ್ನು ನೂತರೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣ ದೊರೆಯಿತು. ಹಾಗೆಯೇ ಬಟ್ಟೆಯ ಗಂಟಿನಲ್ಲಿ ಕಟ್ಟಿ ಹೂಳಿದ ನಾಣ್ಯಗಳ ಕಿಲುಬಿನಲ್ಲಿ ನೇಯ್ಗೆಯ ಹಾಸುಹೊಕ್ಕುಗಳು ಪಡಿಯಚ್ಚಾಗಿ ಉಳಿಯುವುದುಂಟು. ನೂಲಿನ ಗುಣವನ್ನಳೆಯುವುದಕ್ಕಾಗಿ 1956ರಲ್ಲಿ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘವನ್ನೇ ತನ್ನಲ್ಲಿ ನೆಲೆಗೊಳಿಸಿಕೊಂಡ ಊರಿನಲ್ಲಿ, ಪ್ರಾಚೀನ ನೂಲಿನ ಇಂತಹ ಗುರುತನ್ನು ಬ್ರಷ್ಷಿನಿಂದ ತಿಕ್ಕಿ ತೆಗೆದರೆ ನನಗೆ ಅತ್ಯಂತ ಖೇದವಾಗುವುದು.

ಹಾಗೆಂದು ಎಲ್ಲ ಕಿಲುಬೂ ಪೂಜ್ಯವಲ್ಲ. ಕಂಚಿನ ರೋಗವೆಂದು ಕರೆಯುವ ವಿಕಾರವೊಂದಿದೆ. ಗಟ್ಟಿಯಾದ ಸಾಧು ಕಿಲುಬಿನ ನಡುವೆ ತಿಳಿಹಸುರಿನ ಪುಡಿಪುಡಿಯಾದ ಬೊಕ್ಕೆಗಳು ಏಳುವುವು. ಸೂಜಿಮೊನೆ ತಾಗಿದರೆ ಉದುರುವುವು. ಲೋಹದೊಳಗೆ ಅಡಗಿದ್ದ ಕ್ಯೂಪ್ರಸ್ ಕ್ಲೋರೈಡ್, ಗಾಳಿಯ ಆಮ್ಲಜನಕವೂ ತೇವವೂ ಸೇರಿದಾಗ ಈ ಹಸುರು ಪುಡಿಯಾಗಿ ಒಡೆದು, ಜೊತೆಯಲ್ಲಿಯೇ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಡುವುದು. ಆ ಆಮ್ಲವು ಹೊಸ ತಾಮ್ರವನ್ನು ತಿಂದು ಪುನಃ ಕ್ಲೋರೈಡನ್ನು ಹುಟ್ಟಿಸುವುದು. ಈ ಚಕ್ರವನ್ನು 19ನೆಯ ಶತಮಾನದ ಕೊನೆಯಲ್ಲಿ ಮಾರ್ಸೆಲಿನ್ ಬೆರ್ತೆಲೊ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನು ವಿವರಿಸಿದನು. ಗಾಳಿಯ ಸಾಪೇಕ್ಷ ಆರ್ದ್ರತೆಯನ್ನು ನೂರಕ್ಕೆ 40ರ ಕೆಳಗೆ ಇರಿಸಿದರೆ ಚಕ್ರವು ಬಹುಮಟ್ಟಿಗೆ ನಿಲ್ಲುವುದು. ನೂಲು ಹರಿಯದಿರಲೆಂದು ಗಿರಣಿಯವರು ಗಾಳಿಗೆ ನೀರಿನ ತುಂತುರನ್ನು ಬೆರೆಸುವರು. ನೂಲಿಗೆ ಹಿತವಾದ ಆ ತೇವವೇ ತಾಮ್ರಕ್ಕೆ ವಿಷ.

ರೋಗಕ್ಕೆ ಚಿಕಿತ್ಸೆಯುಂಟು, ಆದರೆ ತ್ವರೆಯ ಚಿಕಿತ್ಸೆಯಿಲ್ಲ. ಮೊದಲ ಉಪಚಾರ ಬಟ್ಟಿ ಇಳಿಸಿದ ನೀರು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದು ಸಲ್ಲದು. ನಾಣ್ಯವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಯಿಟ್ಟು ನೀರನ್ನು ಮತ್ತೆ ಮತ್ತೆ ಬದಲಿಸುತ್ತ, ತೆಗೆದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿ ನೋಡಿದರೆ, ಕ್ಲೋರೈಡ್ ಇನ್ನೂ ಹೊರಬರುತ್ತಿರುವವರೆಗೂ ಅದು ಹಾಲಿನಂತೆ ಮಸುಕಾಗುವುದು. ಸೋಡಿಯಂ ಸೆಸ್ಕ್ವಿಕಾರ್ಬೊನೇಟಿನ ನೂರಕ್ಕೆ 5ರ ದ್ರಾವಣವು ಇನ್ನೂ ಬಲವಾದದ್ದು; ವಾರಗಳು, ಕೆಲವು ವೇಳೆ ತಿಂಗಳುಗಳು ಹಿಡಿಯುವುದಲ್ಲದೆ ಕಿಲುಬಿನ ಬಣ್ಣವನ್ನೂ ತುಸು ಬದಲಿಸುವುದೆಂಬ ದೋಷ ಅದಕ್ಕಿದೆ. 1967ರಲ್ಲಿ ಮ್ಯಾಡ್ಸೆನ್ ಎಂಬ ಡೇನಿಷ್ ಸಂರಕ್ಷಕರು ಸೂಚಿಸಿದ ಬೆಂಜೋಟ್ರಯಜೋಲ್ ಎಂಬ ದ್ರವ್ಯವು ಕ್ಲೋರೈಡನ್ನು ಹೊರದೂಡುವುದಿಲ್ಲ. ತಾಮ್ರದೊಡನೆ ಕೂಡಿ ತೆಳುವಾದ ಕವಚವೊಂದನ್ನು ನಿರ್ಮಿಸಿ ತೇವವನ್ನು ತಡೆಯುವುದು. ಮದ್ಯಸಾರದಲ್ಲಿ ನೂರಕ್ಕೆ 3ರಂತೆ ಕರಗಿಸಿ ಬಳಸುವುದು ಪದ್ಧತಿ. ಕೈಗವಸಿಲ್ಲದೆ ಅದನ್ನು ಮುಟ್ಟಕೂಡದು, ಅದರ ಪುಡಿಯನ್ನು ಉಸಿರಿಗೆ ಎಳೆದುಕೊಳ್ಳಕೂಡದು. ಹಳೆಯ ಎಣ್ಣೆ, ಅಂಟು, ಜಿಡ್ಡುಗಳಿಗೆ ಅಸಿಟೋನ್ ಸಾಕು. ಅದು ಲೋಹವನ್ನು ಮುಟ್ಟುವುದಿಲ್ಲ, ಬೆಂಕಿಯನ್ನು ಮಾತ್ರ ಥಟ್ಟನೆ ಹಿಡಿಯುವುದು. ಕಿಟಕಿ ತೆರೆದು, ದೀಪ ಒಲೆಗಳಿಂದ ದೂರದಲ್ಲಿ ಆ ಕೆಲಸ ನಡೆಯಬೇಕು.

ಬೆಳ್ಳಿಯ ವಿಚಾರ ಬೇರೆ. ಅದನ್ನು ಕಪ್ಪಾಗಿಸುವುದು ಗಂಧಕ, ಹಾಗೂ ಗಂಧಕವು ರಬ್ಬರಿನಲ್ಲಿಯೂ ಉಣ್ಣೆಯಲ್ಲಿಯೂ ಕೆಲವು ಕಾಗದಗಳಲ್ಲಿಯೂ ಇದೆ. ರೂಪಾಯಿಗಳನ್ನು ರಬ್ಬರು ಪಟ್ಟಿಯಿಂದ ಕಟ್ಟಿಡುವವರು ಇದನ್ನು ಗಮನಿಸಬೇಕು. ಅಂಗಡಿಯಲ್ಲಿ ದೊರೆಯುವ ಅದ್ದಿ ತೆಗೆಯುವ ದ್ರವಗಳಲ್ಲಿ ಸಾಮಾನ್ಯವಾಗಿ ಇರುವುದು ಥಯೋಯೂರಿಯಾ ಮತ್ತು ಆಮ್ಲ. ಕಪ್ಪು ಕ್ಷಣದಲ್ಲಿ ಹೋಗುವುದು, ಅದರೊಡನೆ ಅಚ್ಚಿನ ಒತ್ತಡದಿಂದ ಲೋಹವು ಹರಿದಾಗ ಮೂಡಿದ್ದ ಸೂಕ್ಷ್ಮರೇಖೆಗಳೂ ಹೋಗುವುವು. ಹೊಸ ನಾಣ್ಯದ ಸಹಜಕಾಂತಿಗೆ ಕಾರಣವಾದ ಆ ರೇಖೆಗಳು ಒಮ್ಮೆ ಕರಗಿದರೆ ಯಾವ ರಾಸಾಯನಿಕವೂ ಅವುಗಳನ್ನು ಮರಳಿ ತರಲಾರದು. 1940ಕ್ಕೆ ಹಿಂದಿನ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿತ್ತು. ಆ ವರ್ಷ ಅದನ್ನು ಅರ್ಧಕ್ಕೆ ಇಳಿಸಿ ತಾಮ್ರ, ನಿಕ್ಕಲ್, ಸತುಗಳನ್ನು ಕೂಡಿಸಿದರು. ಹಳೆಯದಕ್ಕೆ ಒಗ್ಗಿದ ದ್ರವ ಹೊಸದರ ಮೇಲ್ಮೈಯಲ್ಲಿ ಕಲೆಗಳನ್ನೆಬ್ಬಿಸಬಹುದು. ಇನ್ನು ವೆಳ್ಳಲೂರಿನಂತಹ ನಿಧಿಗಳ ಪ್ರಾಚೀನ ಬೆಳ್ಳಿಯು ಕಾಲಕ್ರಮದಲ್ಲಿ ಬಿರುಸಾಗಿ, ಕೈತಪ್ಪಿ ಕಲ್ಲಿನ ಮೇಲೆ ಬಿದ್ದರೆ ಗಾಜಿನಂತೆ ಒಡೆಯಬಲ್ಲದು. ಅದಕ್ಕೆ ಗೃಹಚಿಕಿತ್ಸೆಯೇ ಸಲ್ಲದು.

ಅಕ್ಕಸಾಲೆಯಲ್ಲಿಯೂ ಮುಲಾಮು ಹಾಕುವ ಅಂಗಡಿಗಳಲ್ಲಿಯೂ ಬಳಸುವ ನೈಟ್ರಿಕ್ ಆಮ್ಲ, ಸಯನೈಡ್‌ಗಳ ಹೆಸರನ್ನೂ ಸಂಗ್ರಾಹಕನು ಎತ್ತಕೂಡದು. ಮೊದಲನೆಯದು ತಾಮ್ರಕ್ಕೆ ತಾಗಿದೊಡನೆ ಶ್ವಾಸಕೋಶವನ್ನು ಸುಡುವ ಕಂದು ಹೊಗೆಯನ್ನು ಎಬ್ಬಿಸುವುದು, ಎರಡನೆಯದು ಆಮ್ಲದ ಸಂಪರ್ಕದಿಂದ ಪ್ರಾಣವನ್ನೇ ಹರಿಸುವ ಅನಿಲವಾಗುವುದು. ಒಂದು ದ್ರಾವಣ ಫಲಿಸಲಿಲ್ಲವೆಂದು ಮತ್ತೊಂದನ್ನು ಅದೇ ಬಟ್ಟಲಿಗೆ ಸುರಿಯುವ ಚಪಲವೂ ಅಷ್ಟೇ ಘಾತಕವಾದದ್ದು.

ಲೋಹವಸ್ತುಗಳನ್ನು ಸಂರಕ್ಷಿಸುವ ವಿದ್ಯೆಯು ನಮ್ಮ ದೇಶಕ್ಕೆ ಹೊಸದೇನಲ್ಲ. ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ 1930ರಲ್ಲಿಯೇ ರಾಸಾಯನಿಕ ಸಂರಕ್ಷಣೆಯ ಪ್ರಯೋಗಾಲಯ ಆರಂಭವಾಗಿ, ಎಸ್. ಪರಮಶಿವನ್ ಅವರು ರೋಗಗ್ರಸ್ತವಾದ ಕಂಚಿನ ವಿಗ್ರಹಗಳನ್ನು ವಿದ್ಯುದ್ವಿಭಜನೆಯ ಕ್ರಮದಿಂದ ಉಳಿಸಿದರು. ಆ ಕ್ರಮವು ಮೈತುಂಬಿದ ವಿಗ್ರಹಕ್ಕೆ ಒಪ್ಪತಕ್ಕದ್ದು. ಕಿಲುಬಿನಲ್ಲಿಯೇ ಅಕ್ಷರವನ್ನಿರಿಸಿಕೊಂಡ ತೆಳು ನಾಣ್ಯಕ್ಕೆ ಒಪ್ಪಲಾರದೆಂಬುದು ನನ್ನ ದೃಢಾಭಿಪ್ರಾಯ. ಬ್ಯಾಟರಿಗೆ ತಂತಿ ಕಟ್ಟಿ ಮನೆಯಲ್ಲಿ ಇದನ್ನು ಅನುಕರಿಸುವ ಯುವಕರು ಈ ಭೇದವನ್ನು ಅರಿಯಬೇಕು.

ಶುದ್ಧಿಗಿಂತ ಇರಿಸುವ ಬಗೆ ಹೆಚ್ಚಿನದು. ಪಿ.ವಿ.ಸಿ. ಪ್ಲಾಸ್ಟಿಕ್ಕಿನ ಮೆತ್ತನೆಯ ಚೀಲಗಳು ವರ್ಷಗಳು ಕಳೆದಂತೆ ಆಮ್ಲವನ್ನು ಬಿಟ್ಟು ಹಸುರು ಲೋಳೆಯನ್ನು ಹಚ್ಚುವುವು. ಮರದ ಪೆಟ್ಟಿಗೆಯಿಂದ ಏಳುವ ಅಸಿಟಿಕ್ ಆಮ್ಲದ ಆವಿಯು ಸೀಸವನ್ನು ಬಿಳಿಯ ಪುಡಿಯಾಗಿಸುವುದು. ಚಂದ್ರವಳ್ಳಿಯಲ್ಲಿಯೂ ಕಾರವಾರದಲ್ಲಿಯೂ ದೊರೆತಂತಹ ಸಾತವಾಹನ ಕಾಲದ ಸೀಸದ ನಾಣ್ಯಗಳುಳ್ಳವರು ಅವನ್ನು ಅಂದವಾದ ಮರದ ಸಂಪುಟದಲ್ಲಿಟ್ಟು ಗೌರವಿಸುವುದಕ್ಕಿಂತ, ಪಾಲಿಯೆಸ್ಟರ್ ಹಾಳೆಯ ಮಡಿಕೆಯಲ್ಲಿಟ್ಟು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚುವುದು ಲೇಸು.

ಹೊಲ ಉಳುವಾಗಲೋ ಪಾಯ ತೋಡುವಾಗಲೋ ನಾಣ್ಯದ ಮಡಕೆ ಸಿಕ್ಕರೆ, ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ವಿಧಿಸಿದೆ. ತಿಳಿಸುವವರೆಗೆ ಅದಕ್ಕೆ ನೀರನ್ನೂ ಸೋಂಕಿಸಕೂಡದು, ಒಂದಕ್ಕೊಂದು ಬೆಸೆದುಕೊಂಡ ನಾಣ್ಯಗಳನ್ನು ಬಿಡಿಸಲೂಕೂಡದು. ಅವು ಬೆಸೆದುಕೊಂಡ ಕ್ರಮದಿಂದಲೇ ಯಾವುವು ಒಂದು ಗಂಟಿನಲ್ಲಿದ್ದುವು, ಯಾವುವು ತರುವಾಯ ಸೇರಿದುವು ಎಂಬುದನ್ನು ಪ್ರಯೋಗಾಲಯದವರು ಊಹಿಸಬಲ್ಲರು. ಮಡಕೆಯ ಮಣ್ಣನ್ನೂ ಚೂರುಗಳನ್ನೂ ಅವರಿಗೆ ಜೊತೆಯಲ್ಲಿಯೇ ಒಪ್ಪಿಸತಕ್ಕದ್ದು.