ಆಹಾರ ನಿಯಮವೂ ಸ್ವಸಂಕಲ್ಪವೂ

೨೦೨೪ನೆಯ ಡಿಸೆಂಬರ್ ೨೦ರಿಂದ ೨೨ರ ವರೆಗೆ ಮಂಡ್ಯದಲ್ಲಿ ನೆರೆದ ೮೭ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಸಾಹಿತ್ಯದಷ್ಟೇ ಊಟವೂ ಚರ್ಚೆಗೆ ವಸ್ತುವಾಯಿತು. ಮಳಿಗೆಗಳ ನಿಯಮಾವಳಿಯಲ್ಲಿ ಮಾಂಸಾಹಾರವನ್ನು ಮದ್ಯ, ತಂಬಾಕುಗಳ ಸಾಲಿನಲ್ಲಿಟ್ಟು ನಿಷೇಧಿಸಿದುದು ಜನರನ್ನು ಕೆರಳಿಸಿತು. ಬಾಡೂಟ ಬೇಕೆಂಬ ಕೂಗೆದ್ದಿತು. ಕಡೆಯ ದಿನ ಊಟದೊಡನೆ ಬೇಯಿಸಿದ ಮೊಟ್ಟೆಯನ್ನು ಕೊಡಲಾಯಿತು. ಗದ್ದಲವು ಅಡಗಿತು, ಪ್ರಶ್ನೆಯು ಉಳಿಯಿತು.

ಮಾಂಸವನ್ನು ಬಿಡುವುದು ಧರ್ಮವೆ ಎಂಬ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವವರಲ್ಲ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರನ್ನು ಹೊತ್ತ ಕುರಿಯ ತಳಿಯು ಮಾಂಸದ ಸವಿಗೆ ಪ್ರಸಿದ್ಧವಾದುದು. ಸೊಪ್ಪು ತಿನ್ನಿಸಿ ಸಾಕಿದ ಕೈಯೇ ಒಂದು ದಿನ ಅದನ್ನು ಕಟುಕನಿಗೆ ಒಪ್ಪಿಸಬೇಕಾಗುತ್ತದೆ. ಆಗ ಮನಸ್ಸು ಹಿಂಜರಿದರೆ ಅದು ದೌರ್ಬಲ್ಯವಲ್ಲ, ದಯೆ. ಆದರೆ ಆ ಕುರಿಯೇ ಬಡ ಒಕ್ಕಲಿನ ಆಪದ್ಧನವೆಂಬುದನ್ನೂ ಮರೆಯಲಾಗದು. ಹೋರಿಗರುವಿನ ಗತಿಯೇನೆಂದು ಕೇಳದೆ ಹಾಲು ಮೊಸರುಗಳನ್ನು ಉಣ್ಣುವ ಶಾಕಾಹಾರಿಯು ತಾನು ಹಿಂಸೆಯಿಂದ ಪೂರ್ಣವಾಗಿ ದೂರವಾದೆನೆಂದು ಹೇಳಿಕೊಳ್ಳಲಾರನು. ಆದುದರಿಂದ ಇದು ಪ್ರತಿಯೊಬ್ಬನೂ ತನ್ನ ಅಂತಃಕರಣದೆದುರು ಇತ್ಯರ್ಥ ಮಾಡಿಕೊಳ್ಳಬೇಕಾದ ವ್ಯಾಜ್ಯ.

ಈ ವಿಷಯದಲ್ಲಿ ಗಾಂಧೀಜಿಯವರ ಅನುಭವವು ಸ್ಮರಣೀಯವಾಗಿದೆ. ಬಾಲ್ಯದಲ್ಲಿ ಗುಟ್ಟಾಗಿ ಮಾಂಸವನ್ನು ತಿಂದ ಅವರು, ತಂದೆತಾಯಿಗಳಿಗೆ ಸುಳ್ಳಾಡಲಾರದೆ ಅದನ್ನು ಬಿಟ್ಟರು. ಲಂಡನ್ನಿನಲ್ಲಿ ಮೊದಲು ತಾಯಿಗಿತ್ತ ವಚನಕ್ಕಾಗಿ ವ್ರತವನ್ನು ಪಾಲಿಸಿದರು. ಅಲ್ಲಿ ಹೆನ್ರಿ ಸಾಲ್ಟರ ಪುಸ್ತಕವನ್ನೋದಿದ ಮೇಲೆಯೇ ತಾವು ಸ್ವಂತ ಇಚ್ಛೆಯಿಂದ ಶಾಕಾಹಾರಿಯಾದುದಾಗಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ವಿಚಾರದಿಂದ ಹುಟ್ಟಿದ ನಿಯಮವೇ ಬಾಳುವ ನಿಯಮ. ೧೯೩೮ರಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಸರ್ಕಾರದ ನಿಷೇಧವನ್ನು ಮುರಿದು ಧ್ವಜವನ್ನೇರಿಸಿದ ಜನರಿಗೆ, ಆಜ್ಞೆಗೂ ವ್ರತಕ್ಕೂ ಇರುವ ಅಂತರವನ್ನು ಬೋಧಿಸಬೇಕಾಗಿಲ್ಲ.

ಮದ್ದೂರಿನ ವಡೆಯೂ ಬಂಡೂರಿನ ಕುರಿಯೂ ಒಂದೇ ಜಿಲ್ಲೆಯ ಕೀರ್ತಿಗಳು. ಸಾರ್ವಜನಿಕರ ಹಣದಿಂದ ನಡೆಯುವ ಸಮಾರಂಭದಲ್ಲಿ ಒಂದನ್ನು ಶುದ್ಧವೆಂದೂ ಇನ್ನೊಂದನ್ನು ಮೈಲಿಗೆಯೆಂದೂ ವಿಂಗಡಿಸುವುದು ಉಣ್ಣುವವರನ್ನೇ ಮೇಲುಕೀಳೆಂದು ವಿಂಗಡಿಸಿದಂತೆ. ಲಕ್ಷಾಂತರ ಜನರಿಗೆ ಬಾಡೂಟವನ್ನು ಅಣಿಮಾಡುವುದು ಕಷ್ಟವೆಂದಾದರೆ ವ್ಯವಸ್ಥಾಪಕರು ಆ ಕಷ್ಟವನ್ನೇ ಹೇಳಲಿ, ಜನರು ಒಪ್ಪಿಯಾರು. ಸಾಧ್ಯವಾದೆಡೆ ಎರಡು ಅಡಿಗೆ, ಎರಡು ಪಂಕ್ತಿಗಳಾಗಲಿ. ಬೇಡವೆಂದವರ ಎಲೆಗೆ ಯಾರೂ ಬಲವಂತದಿಂದ ಬಡಿಸದಿರಲಿ. ಅಹಿಂಸೆಯಲ್ಲಿ ನಂಬಿಕೆಯುಳ್ಳವರು ತಮ್ಮ ನಡತೆಯಿಂದ ನೆರೆಯವರ ಮನಸ್ಸನ್ನು ಒಲಿಸಲಿ. ಅಧಿಕಾರದ ಮುದ್ರೆಯನ್ನೊತ್ತಿದ ಕಾಗದದಿಂದ ದಯೆಯು ಹುಟ್ಟಲಾರದು.