ಶ್ರೀರಂಗಪಟ್ಟಣದ ಕಂಡಿಯೂ ಪ್ರಕ್ಷೇಪಕದ ಲೆಕ್ಕವೂ

ಶ್ರೀರಂಗಪಟ್ಟಣವನ್ನು ನೋಡದ ವಿದ್ಯಾರ್ಥಿ ನಮ್ಮ ಸೀಮೆಯಲ್ಲಿ ದೊರೆಯುವುದು ಅಪರೂಪ. ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರಗಳ ಶಾಲೆಗಳಿಂದ ವರ್ಷವರ್ಷವೂ ಮಕ್ಕಳು ಬಸ್ಸಿನಲ್ಲಿ ತುಂಬಿಕೊಂಡು ಹೋಗಿ, ರಂಗನಾಥನ ದರ್ಶನ ಮಾಡಿ, ಟಿಪ್ಪು ಸುಲ್ತಾನನ ದೇಹ ದೊರೆತ ಸ್ಥಳವನ್ನೂ ನೆಲಮಾಳಿಗೆಯ ಸೆರೆಮನೆಯನ್ನೂ ನೋಡಿ, ಸಂಗಮದಲ್ಲಿ ಬುತ್ತಿ ಬಿಚ್ಚಿ ಹಿಂದಿರುಗುತ್ತಾರೆ. ಕೋಟೆಯ ಪಶ್ಚಿಮದ ಗೋಡೆಗೆ ಕಂಡಿ ಬಿದ್ದ ಜಾಗವನ್ನೂ, ಅದರ ಬಳಿ ನಿಲ್ಲಿಸಿರುವ ಸ್ಮಾರಕಸ್ತಂಭವನ್ನೂ ಕೆಲವರು ನೋಡುವುದುಂಟು. ಈ ಗೋಡೆ ಹೇಗೆ ಬಿದ್ದಿತು ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಮೀರ್ ಸಾದಕನ ದ್ರೋಹದಿಂದ. ನಮ್ಮ ಕಡೆ ಏನಿತ್ತು ಎಂದು ಕೇಳಿದರೆ, ರಾಕೆಟ್ಟು.

ಎರಡೂ ಉತ್ತರಗಳಲ್ಲಿ ಸಂಖ್ಯೆಯೆಂಬುದು ಒಂದೂ ಇಲ್ಲ. ದ್ರೋಹದ ವಿಚಾರವನ್ನು ಚರಿತ್ರಕಾರರು ನೋಡಿಕೊಳ್ಳಲಿ. ಆದರೆ ಕಲ್ಲಿನ ಗೋಡೆ ಯಾರ ದ್ರೋಹದಿಂದಲೂ ತಾನಾಗಿ ಕುಸಿಯುವುದಿಲ್ಲ. 1799ರ ಏಪ್ರಿಲ್ 30ರಿಂದ ಮೇ 3ರ ವರೆಗೆ, ಅರ್ಧ ಕಿಲೋಮೀಟರಿಗೂ ಕಡಮೆ ದೂರದಿಂದ, ಭಾರದ ತೋಪುಗಳು ಅದರ ಒಂದೇ ಭಾಗವನ್ನು ಎಡೆಬಿಡದೆ ಹೊಡೆದುದರಿಂದ ಅದು ಬಿದ್ದಿತು. ಮರುದಿನ ಮಧ್ಯಾಹ್ನ ಬೇರ್ಡ್ ಎಂಬ ಸೇನಾನಿಯ ಮುಂದಾಳುತನದಲ್ಲಿ ಇಂಗ್ಲಿಷರ ಪಡೆ ಕಾವೇರಿಯ ಬಂಡೆಗಳ ನಡುವೆ ಹಾಯ್ದು ಆ ಕಂಡಿಯನ್ನೇರಿತು. ಭೌತಶಾಸ್ತ್ರವನ್ನು ಕಲಿಸುವವನಾದ ನನಗೆ ಒಂದು ಕೊರಗು ಉಂಟು. ಇಡೀ ಪ್ರಕ್ಷೇಪಕ ಚಲನೆಯ ಅಧ್ಯಾಯವು ನಮ್ಮ ಮನೆಯ ಮುಂದೆಯೇ ಕಲ್ಲಿನಲ್ಲಿ ಬರೆದಿರುವಾಗ, ನಾವು ಮಕ್ಕಳಿಗೆ ಕಾಲ್ಪನಿಕ ಗೋಪುರದ ಮೇಲಿಂದ ಕಾಲ್ಪನಿಕ ಕಲ್ಲನ್ನು ಎಸೆಯಿಸುತ್ತಿದ್ದೇವೆ.

ಹದಿನೆಂಟನೆಯ ಶತಮಾನದ ಸೇನೆಗಳಲ್ಲಿ ಮೂರು ಬಗೆಯ ತೋಪುಗಳಿದ್ದುವು. ಉದ್ದ ನಳಿಗೆಯ ಫಿರಂಗಿಯು ಗಟ್ಟಿ ಕಬ್ಬಿಣದ ಗುಂಡನ್ನು ಹೆಚ್ಚುಕಡಮೆ ನೇರವಾಗಿ ಹೊಡೆಯುತ್ತಿತ್ತು. ಮಾರ್ಟರ್ ಎಂಬುದು ಇದಕ್ಕೆ ತೀರ ವಿರುದ್ಧವಾದ ಜಾತಿ: ಗಿಡ್ಡ, ದಪ್ಪ, ಬಾಯಿ ಅಗಲ. ಆ ಹೆಸರಿನ ಅರ್ಥವೇ ಒರಳು. ನೋಡಿದರೆ ಒರಳನ್ನು ಓರೆಯಾಗಿ ಇಟ್ಟಂತೆಯೇ ಇರುತ್ತದೆ. ಇವೆರಡರ ನಡುವಣದು ಹೋವಿಟ್ಸರ್. ಅದರ ನಳಿಗೆ ಮಾರ್ಟರಿಗಿಂತ ಉದ್ದ, ಫಿರಂಗಿಗಿಂತ ಗಿಡ್ಡ. ಗಾಲಿಗಳ ಮೇಲೆ ಕುಳಿತು ಸೇನೆಯೊಡನೆ ನಡೆಯಬಲ್ಲದು. ಹೆಸರು ಚೆಕ್ ಜನರ ನುಡಿಯಲ್ಲಿ ಹುಟ್ಟಿ ಜರ್ಮನರ, ಡಚ್ಚರ ಬಾಯಿಯಲ್ಲಿ ಮಾರ್ಪಟ್ಟು ಇಂಗ್ಲಿಷಿಗೆ ಬಂದುದು. ಮಾರ್ಟರ್ ಮತ್ತು ಹೋವಿಟ್ಸರ್ ಎರಡೂ ಮುಖ್ಯವಾಗಿ ಎಸೆಯುತ್ತಿದ್ದುದು ಟೊಳ್ಳಾದ ಎರಕದ ಕಬ್ಬಿಣದ ಸಿಡಿಗುಂಡನ್ನು. ಅದರ ಒಡಲಲ್ಲಿ ಮದ್ದು. ಒಂದು ತೂತಿನಲ್ಲಿ ಬೆಣೆಯಂತೆ ಬಡಿದ ಮರದ ಕೊಳವೆ. ಆ ಕೊಳವೆಯೊಳಗೆ ನಿಧಾನವಾಗಿ ಉರಿಯುವ ಮದ್ದಿನ ಬತ್ತಿ.

ಮಾರ್ಟರನ್ನು ಸಾಮಾನ್ಯವಾಗಿ 45 ಡಿಗ್ರಿ ಕೋನದಲ್ಲಿಯೇ ಕೂರಿಸುತ್ತಿದ್ದರು. ದೂರವನ್ನು ಬದಲಾಯಿಸಬೇಕಾದರೆ ಕೋನವನ್ನಲ್ಲ, ಮದ್ದಿನ ತೂಕವನ್ನು ಬದಲಾಯಿಸುತ್ತಿದ್ದರು. ಇದೇಕೆ? 45 ಡಿಗ್ರಿಯಲ್ಲಿ ವ್ಯಾಪ್ತಿ ಅತ್ಯಧಿಕ ಎಂದು ನಮ್ಮ ವಿದ್ಯಾರ್ಥಿಗಳು ತಟಕ್ಕನೆ ಹೇಳುವರು. ಇದು ಸರಿಯೆ, ಆದರೆ ಅರ್ಧ ಮಾತ್ರ ಸರಿ. ಹತ್ತಿರದ ಗುರಿಗೂ ಅದೇ ಕೋನವನ್ನು ಇಟ್ಟುಕೊಂಡು ಮದ್ದನ್ನು ಕಡಮೆ ಮಾಡುತ್ತಿದ್ದರಲ್ಲ, ಅದಕ್ಕೇನು ಕಾರಣ?

ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟ ಗುಂಡು ನಿರ್ವಾತದಲ್ಲಿ 45 ಡಿಗ್ರಿಯ ಕೋನದಿಂದ ಸುಮಾರು 1,020 ಮೀಟರ್ ಹೋಗುತ್ತದೆ. ತೋಪುಗಾರನ ಕೈ ತಪ್ಪಿ ಕೋನ 47 ಆಯಿತೆನ್ನಿ, ಇಲ್ಲವೆ 43 ಆಯಿತೆನ್ನಿ. ವ್ಯಾಪ್ತಿ ಕಡಮೆಯಾಗುವುದು ಕೇವಲ ಎರಡೂವರೆ ಮೀಟರ್. ಅದೇ ಗುಂಡನ್ನು 15 ಡಿಗ್ರಿಯಲ್ಲಿ ಹೊಡೆದರೆ 510 ಮೀಟರ್ ಹೋಗುವುದು. ಅಲ್ಲಿ ಎರಡು ಡಿಗ್ರಿ ಹೆಚ್ಚಾದರೆ ಗುಂಡು 60 ಮೀಟರ್ ಮುಂದೆ ಬೀಳುವುದು! ಮಳೆಯಲ್ಲಿ ನೆನೆದ ಮಣ್ಣಿನ ಮೇಲೆ, ಕತ್ತಲೆಯಲ್ಲಿ, ಮರದ ಪೀಠದ ಮೇಲೆ ಕುಳಿತ ಉಪಕರಣಕ್ಕೆ ಎರಡು ಡಿಗ್ರಿಯ ತಪ್ಪು ಎಂಥ ದೊಡ್ಡ ತಪ್ಪು? ಕಲನಶಾಸ್ತ್ರದಲ್ಲಿ, ಗರಿಷ್ಠ ಬಿಂದುವಿನಲ್ಲಿ ಅವಕಲನ ಸೊನ್ನೆ ಎಂದು ನಾವು ಕಪ್ಪುಹಲಗೆಯ ಮೇಲೆ ಬರೆಯುತ್ತೇವಷ್ಟೆ. ಆ ಸೊನ್ನೆಯ ಬೆಲೆಯನ್ನು ತೋಪುಗಾರನು ಬಲ್ಲವನಾಗಿದ್ದನು. ಕೋನವನ್ನು ತಪ್ಪು ತಾಗದ ಕಡೆ ಇರಿಸಿ, ಉಳಿದ ಕೆಲಸವನ್ನು ತಕ್ಕಡಿಗೆ ಒಪ್ಪಿಸಿದನು. ಮದ್ದಿನ ಶಕ್ತಿ ಗುಂಡಿನ ಚಲನಶಕ್ತಿಯಾಗುವುದರಿಂದ ವೇಗದ ವರ್ಗವು ಹೆಚ್ಚುಕಡಮೆ ಮದ್ದಿನ ತೂಕಕ್ಕೆ ಅನುಪಾತವಾಗಿರುತ್ತದೆ. ವ್ಯಾಪ್ತಿಯೂ ವೇಗದ ವರ್ಗಕ್ಕೆ ಅನುಪಾತ. ಆದುದರಿಂದ ಮದ್ದು ಎರಡರಷ್ಟಾದರೆ ದೂರವೂ ಸುಮಾರು ಎರಡರಷ್ಟು. ಅಂಗಡಿಯ ಲೆಕ್ಕ ಬಲ್ಲವನಿಗೂ ಇದು ಸಾಕು.

45 ಡಿಗ್ರಿಯ ಕೋನಕ್ಕೆ ಇನ್ನೊಂದು ಬೆಲೆಯನ್ನು ತೆರಬೇಕಾಗುತ್ತಿತ್ತು. ಗುಂಡು ಮೇಲಕ್ಕೆ ಹೋದಷ್ಟೂ ತೋಪು ಕೆಳಕ್ಕೆ ಒದೆಯುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನು ಯಾರೂ ತಪ್ಪಿಸುವಂತಿಲ್ಲ. ಫಿರಂಗಿ ಗಾಲಿಗಳ ಮೇಲೆ ಹಿಂದಕ್ಕೆ ಉರುಳಿ ಆ ಒದೆತವನ್ನು ಕಳೆದುಕೊಳ್ಳುತ್ತದೆ. ಮಾರ್ಟರಿಗೆ ಗಾಲಿ ಕೊಟ್ಟರೆ ಅಚ್ಚು ಮುರಿದೀತು. ಆದಕಾರಣ ಅದಕ್ಕೆ ಭಾರವಾದ ಪೀಠ, ಪೀಠದ ಕೆಳಗೆ ಹಲಗೆಯ ಜಗಲಿ. ಹೋವಿಟ್ಸರು ಗಾಲಿಯನ್ನು ಬಿಡಲೊಲ್ಲದೆ ಕೋನವನ್ನು ತಗ್ಗಿಸಿಕೊಂಡಿತು. ಒಂದೊಂದು ತೋಪಿನ ಆಕಾರವೂ ಹೀಗೆ ಒಂದೊಂದು ಸಮೀಕರಣದ ಫಲ.

ಇನ್ನು ಬತ್ತಿ. ನಮ್ಮ 1,020 ಮೀಟರಿನ ಗುಂಡು ಆಕಾಶದಲ್ಲಿ 255 ಮೀಟರ್ ಎತ್ತರಕ್ಕೇರಿ ಇಳಿಯಲು ಹದಿನಾಲ್ಕೂವರೆ ಸೆಕೆಂಡು ಹಿಡಿಯುತ್ತದೆ. ಮರದ ಕೊಳವೆಯನ್ನು ಅಷ್ಟು ಹೊತ್ತು ಉರಿಯುವ ಉದ್ದಕ್ಕೆ ಕೊಯ್ಯಬೇಕು. ನಳಿಗೆಗೂ ಗುಂಡಿಗೂ ನಡುವೆ ಇರುವ ಸಂದಿನಲ್ಲಿ ನುಗ್ಗುವ ಜ್ವಾಲೆಯೇ ಬತ್ತಿಯನ್ನು ಹೊತ್ತಿಸುತ್ತದೆ. ಬತ್ತಿ ಒಂದು ಸೆಕೆಂಡು ಮೊದಲೇ ಮುಗಿದರೆ ಏನಾಗುವುದು? ಆಗ ಗುಂಡು ಸೆಕೆಂಡಿಗೆ 70 ಮೀಟರಿನ ವೇಗದಲ್ಲಿ ಇಳಿಯುತ್ತಿರುತ್ತದೆ. ಆದ್ದರಿಂದ ಸುಮಾರು 65 ಮೀಟರ್ ಎತ್ತರದಲ್ಲಿ ಸಿಡಿದು ಹೆಚ್ಚಿನ ಹಾನಿ ಮಾಡದೆ ಹೋಗುತ್ತದೆ. ತಡವಾದರೆ ನೆಲಕ್ಕೆ ಬಿದ್ದು ಹೊಗೆಯಾಡುತ್ತಿರುವಾಗ ಕೋಟೆಯೊಳಗಿನವರು ಓಡಿ ಮರೆಯಾಗುತ್ತಾರೆ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ ಒಂದು ಪೀಪಾಯಿಯಲ್ಲಿದ್ದಂತೆ ಇನ್ನೊಂದರಲ್ಲಿರುವುದಿಲ್ಲ. ತೇವ ತಗುಲಿದರಂತೂ ಹೇಳುವುದೇ ಬೇಡ. ಅಂದಿನ ಮುತ್ತಿಗೆಯ ಕಾಲಮಾಪಕವೆಂದರೆ ಒಂದು ಕಡ್ಡಿಯಷ್ಟು ಉದ್ದದ ಮದ್ದು.

ಗೋಡೆಗೆ ಕಂಡಿ ಬೀಳಿಸಿದುದು ಮಾರ್ಟರ್ ಅಲ್ಲ. 24 ಪೌಂಡಿನ ಫಿರಂಗಿಗುಂಡು, ಎಂದರೆ ಸುಮಾರು 11 ಕಿಲೋಗ್ರಾಮ್, ಸೆಕೆಂಡಿಗೆ 450 ಮೀಟರಿನಲ್ಲಿ ಹೊರಟರೆ ಅದರ ಚಲನಶಕ್ತಿ 11 ಲಕ್ಷ ಜೂಲ್. 20 ಕಿಲೋಗ್ರಾಮಿನ ಸಿಡಿಗುಂಡು 100 ಮೀಟರಿನಲ್ಲಿ ಹೊರಟರೆ ಒಂದು ಲಕ್ಷ ಜೂಲ್ ಮಾತ್ರ. ಇಮ್ಮಡಿ ಭಾರದ್ದು ಹತ್ತರಲ್ಲೊಂದು ಪಾಲಿನಷ್ಟೇ ಶಕ್ತಿಯುಳ್ಳದ್ದು! ಮಾರ್ಟರಿನ ಕೆಲಸ ಗೋಡೆಯನ್ನು ಒಡೆಯುವುದಲ್ಲ, ಗೋಡೆಯನ್ನು ಲೆಕ್ಕಕ್ಕಿಡದೆ ಅದರ ಹಿಂದೆ ಬೀಳುವುದು. ಹೋವಿಟ್ಸರಿಗೆ ಇನ್ನೊಂದು ಕೆಲಸವಿತ್ತು: ಕೊತ್ತಳಗಳ ನಡುವಣ ಗೋಡೆಯ ಮೇಲ್ದಾರಿಯ ಗುಂಟ, ಕಡಮೆ ಮದ್ದಿನಿಂದ, ಮಕ್ಕಳು ಕೆರೆಯ ನೀರಿನ ಮೇಲೆ ಬಿಲ್ಲೆಕಲ್ಲನ್ನು ಕುಪ್ಪಳಿಸುವಂತೆ ಗುಂಡನ್ನು ಕುಪ್ಪಳಿಸುವುದು. ಫ್ರೆಂಚರ ವೋಬಾನ್ ಹದಿನೇಳನೆಯ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ಉಪಾಯವಿದು. 1799ರಲ್ಲಿ ಮುಂಬಯಿಯ ಸೇನೆ ಕಾವೇರಿಯ ಉತ್ತರ ದಡಕ್ಕೆ ಹೋಗಿ ನಿಂತುದು ಪಶ್ಚಿಮದ ಗೋಡೆಯನ್ನು ಹೀಗೆ ಮಗ್ಗುಲಿನಿಂದ ಹೊಡೆಯುವುದಕ್ಕಾಗಿ. ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ ಆ ಸ್ಥಳವನ್ನು ಏಕೆ ಆರಿಸಿದರೆಂಬುದು ಮಕ್ಕಳಿಗೂ ಹೊಳೆಯುತ್ತದೆ.

"ವಾಯುವಿನ ಪ್ರತಿರೋಧವನ್ನು ಗಣಿಸಬೇಡಿ" ಎಂದು ನಮ್ಮ ಪ್ರಶ್ನಪತ್ರಿಕೆಗಳು ಹೇಳುತ್ತವೆ. ಗೆಲಿಲಿಯೋ 1638ರಲ್ಲಿ ತೋರಿಸಿದ ಪರವಲಯ ನಿರ್ವಾತದ್ದು. ಅದು ಮಂದಗತಿಯ ಮಾರ್ಟರಿಗೆ ತಕ್ಕಮಟ್ಟಿಗೆ ಹೊಂದುತ್ತದೆ, ಫಿರಂಗಿಗೆ ಹೊಂದುವುದೇ ಇಲ್ಲ. ಇದನ್ನು ಅಳೆದು ತೋರಿಸಿದವನು ಬೆಂಜಮಿನ್ ರಾಬಿನ್ಸ್. 1742ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅವನು, ತೂಗುಬಿಟ್ಟ ಭಾರದ ಹಲಗೆಗೆ ಗುಂಡು ಹೊಡೆದು, ಹಲಗೆ ತೂಗಿದ ದೂರದಿಂದ ಗುಂಡಿನ ವೇಗವನ್ನು ಕಂಡುಹಿಡಿಯುವ ಬಗೆಯನ್ನು ವಿವರಿಸಿದನು. ಇಂದಿಗೂ ನಮ್ಮ ಪಠ್ಯಗಳಲ್ಲಿ ಬರುವ ಪ್ರಾಕ್ಷೇಪಿಕ ಲೋಲಕ ಇದೇ. ಸೆಕೆಂಡಿಗೆ 500 ಮೀಟರ್ ವೇಗದ 24 ಪೌಂಡಿನ ಗುಂಡಿನ ಮೇಲೆ ಗಾಳಿಯ ತಡೆ ಅದರ ತೂಕದ ಸುಮಾರು ಇಪ್ಪತ್ತರಷ್ಟು. ನಿರ್ವಾತದಲ್ಲಿ 25 ಕಿಲೋಮೀಟರ್ ಹೋಗಬೇಕಾದ ಗುಂಡು ವಾಸ್ತವದಲ್ಲಿ ಐದು ಕಿಲೋಮೀಟರನ್ನೂ ಮುಟ್ಟದು. ಮಹಾಗಣಿತಜ್ಞ ಆಯ್ಲರನೇ ಈ ಗ್ರಂಥವನ್ನು 1745ರಲ್ಲಿ ಜರ್ಮನಿಗೆ ಅನುವಾದಿಸಿದನು. ಈ ರಾಬಿನ್ಸನು ಈಸ್ಟ್ ಇಂಡಿಯಾ ಕಂಪೆನಿಯ ಕೋಟೆಗಳನ್ನು ಬಲಪಡಿಸಲು ನಮ್ಮ ದೇಶಕ್ಕೇ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡನೆಂಬುದು ನಮ್ಮ ಎಷ್ಟು ಪದವೀಧರರಿಗೆ ಗೊತ್ತಿದೆ? ಕಂಪೆನಿ ಒಬ್ಬ ಗಣಿತಜ್ಞನನ್ನು ಸಂಬಳ ಕೊಟ್ಟು ಕರೆತಂದಿತು. ಆಮೇಲಿನ ಐವತ್ತು ವರ್ಷಗಳ ಕಥೆಯನ್ನು ಓದುವಾಗ ಇದನ್ನು ಮರೆಯಬಾರದು.

ನಮ್ಮವರಲ್ಲಿ ಕುಶಲಿಗಳಿರಲಿಲ್ಲವೆಂದು ಇದರ ಅರ್ಥವಲ್ಲ. ಶ್ರೀರಂಗಪಟ್ಟಣದಲ್ಲಿ ತೋಪು ಎರಕ ಹೊಯ್ಯುವ ಕಾರ್ಖಾನೆಯಿತ್ತು. ಹುಲಿಯ ಬಾಯಿಯ ಕಂಚಿನ ತೋಪುಗಳು ಇಂದಿಗೂ ವಿದೇಶದ ಅರಮನೆಗಳನ್ನು ಅಲಂಕರಿಸುತ್ತಿವೆ. ಕೋಟೆ ಬಿದ್ದಾಗ ಒಳಗೆ ಒಂಬೈನೂರಕ್ಕೂ ಹೆಚ್ಚು ತೋಪುಗಳು, ಅವುಗಳಲ್ಲಿ ಮಾರ್ಟರುಗಳೂ ಹೋವಿಟ್ಸರುಗಳೂ, ದೊರೆತುವು. ಮೈಸೂರಿನ ರಾಕೆಟ್ಟಿನ ಹಿರಿಮೆ ಅದರ ಕಬ್ಬಿಣದ ಕೊಳವೆಯಲ್ಲಿತ್ತು. ಕಾಗದದ ಕೊಳವೆ ತಾಳದ ಒತ್ತಡವನ್ನು ಅದು ತಾಳುತ್ತಿತ್ತು. ನಳಿಗೆ ಬೇಡ, ಒದೆತವಿಲ್ಲ, ಒಬ್ಬ ಮನುಷ್ಯ ಹೊತ್ತುಕೊಂಡು ಓಡಬಹುದು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ವೆಲ್ಲೆಸ್ಲಿಯ ಪಡೆ ಕಂಗೆಟ್ಟು ಹಿಂದಿರುಗಿದುದಕ್ಕೆ ಈ ಬಾಣಗಳೂ ಕಾರಣ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಸಾವಿರದಷ್ಟು ಕೊಳವೆಗಳು ಸಿಕ್ಕಾಗ ನಾನೂ ಹಿಗ್ಗಿದವನೇ. ಆದರೆ ರಾಕೆಟ್ಟಿಗೆ ಗುರಿಯಿರಲಿಲ್ಲ. ಎಲ್ಲಿ ಬೀಳುವುದೆಂದು ಎಸೆದವನಿಗೂ ತಿಳಿಯದ ಅಸ್ತ್ರ, ದಿನಗಟ್ಟಲೆ ಒಂದೇ ಕಲ್ಲನ್ನು ಹೊಡೆಯುವ ತೋಪಿನ ಕೆಲಸವನ್ನು ಮಾಡಲಾರದು. ಮೇ 2ರಂದು ಕೋಟೆಯೊಳಗಿನ ರಾಕೆಟ್ಟುಗಳ ಉಗ್ರಾಣವೇ ಸಿಡಿಯಿತು. ಹೆಮ್ಮೆಪಡುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಹೆಮ್ಮೆಯು ಲೆಕ್ಕಕ್ಕೆ ಬದಲಿಯಾಗಿ ನಿಂತಾಗ ನನ್ನ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಯನ್ನೇ ಕೇಳದೆ ಹೋಗುತ್ತಾರೆ.

ಅದೂ ಅಲ್ಲದೆ, ಇಂಗ್ಲಿಷರ ತೋಪುಗಳು ಸೋತದ್ದೂ ನಮ್ಮ ನೆಲದಲ್ಲಿಯೇ. 1791ರ ಮೇ ತಿಂಗಳಲ್ಲಿ ಅರಕೆರೆಯ ಕಾಳಗದ ನಂತರ ಕಾರ್ನ್‌ವಾಲಿಸನು ಕನ್ನಂಬಾಡಿಯ ಕಡೆಗೆ ಸರಿದನು. ಮಳೆ ಹಿಡಿಯಿತು, ಎತ್ತುಗಳು ಸತ್ತುವು. ಮುತ್ತಿಗೆಗೆಂದು ಅಷ್ಟು ದೂರ ಎಳೆದುತಂದ ಭಾರದ ತೋಪುಗಳನ್ನು ಅವನು ತಾನೇ ಒಡೆಸಿ ಹಿಂದಿರುಗಬೇಕಾಯಿತು. ಬಲ, ಘರ್ಷಣೆ, ಮೇವು—ಇವುಗಳ ಲೆಕ್ಕ ಅಲ್ಲಿ ತಪ್ಪಿತ್ತು. ಅಮೃತಮಹಲ್ ದನಗಳನ್ನು ಹೈದರನೂ ಟಿಪ್ಪುವೂ ತೋಪಿನಷ್ಟೇ ಜತನದಿಂದ ಏಕೆ ಸಾಕಿದರೆಂಬುದು ಈ ಒಂದು ಪ್ರಸಂಗದಿಂದ ಅರಿವಾಗುತ್ತದೆ.

ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನೆಲ್ಲ ಒಪ್ಪುವುದಿಲ್ಲ. ಕೊಲ್ಲುವ ಉಪಕರಣದಿಂದ ವಿಜ್ಞಾನವನ್ನು ಕಲಿಸಬೇಕೇ, ಕ್ರಿಕೆಟ್ ಚೆಂಡು ಸಾಲದೇ ಎನ್ನುತ್ತಾರೆ. ಈ ಆಕ್ಷೇಪಣೆಯನ್ನು ನಾನು ಹಗುರವಾಗಿ ಕಾಣಲಾರೆ. ಮಾರ್ಟರು ಕುರುಡು. ಗೋಡೆಯ ಹಿಂದೆ ನಿಂತವನು ಸಿಪಾಯಿಯೋ, ನೀರು ಸೇದುವ ಹೆಂಗಸೋ, ಗುಡಿಯ ಅರ್ಚಕನೋ ಅದಕ್ಕೆ ತಿಳಿಯದು; ಅದನ್ನು ಹೊತ್ತಿಸುವವನಿಗೂ ತಿಳಿಯದು, ಅವನ ಕಣ್ಣಿಗೆ ಕಾಣುವುದು ಗೋಡೆ ಮಾತ್ರ. ಶ್ರೀರಂಗಪಟ್ಟಣ ಬರಿಯ ಕೋಟೆಯಾಗಿರಲಿಲ್ಲ, ಜನ ತುಂಬಿದ ಊರಾಗಿತ್ತು. ಆದರೆ ಚೆಂಡಿನ ಲೆಕ್ಕವನ್ನು ಮಾತ್ರ ಕಲಿತ ಹುಡುಗನಿಗೆ, ಆ ಲೆಕ್ಕ ಎಲ್ಲಿ ಹುಟ್ಟಿತೆಂಬುದೂ, ಅದಕ್ಕೆ ಹಣ ಕೊಟ್ಟವರಾರೆಂಬುದೂ, ಅದರ ಕೊನೆಯಲ್ಲಿ ಯಾರಿದ್ದರೆಂಬುದೂ ತಿಳಿಯುವುದಿಲ್ಲ. ಕಂಡಿಯ ಮುಂದೆ ನಿಂತು ಹದಿನಾಲ್ಕೂವರೆ ಸೆಕೆಂಡುಗಳನ್ನು ಎಣಿಸಿದವನಿಗೆ ತಿಳಿಯುತ್ತದೆ. ನಾನು ಒಮ್ಮೆ ಹುಡುಗರಿಂದ ಹಾಗೆ ಎಣಿಸಿಸಿದೆ. ಎಂಟು ಎನ್ನುವ ಹೊತ್ತಿಗೆ ನಗು ನಿಂತಿತ್ತು.

ಇದಕ್ಕೆ ಹೆಚ್ಚಿನ ವೆಚ್ಚವೇನೂ ಬೇಡ. ಐವತ್ತು ಮೀಟರ್ ಹಗ್ಗ, ಒಂದು ಕೋನಮಾಪಕ, ಒಂದು ತೂಗುಗುಂಡು ಸಾಕು. ನದಿಯ ಆಚೆಯ ದಡದಲ್ಲಿ ಹಗ್ಗವನ್ನು ಎಳೆದು ಅದರ ಎರಡು ತುದಿಗಳಿಂದಲೂ ಕಂಡಿಯ ಕಡೆಗೆ ಕೋನಗಳನ್ನು ತೆಗೆದರೆ, ನೀರಿಗೆ ಇಳಿಯದೆಯೇ ದೂರ ದೊರೆಯುತ್ತದೆ. ಒಂದು ಗುಂಪಿನ ಉತ್ತರಕ್ಕೂ ಇನ್ನೊಂದು ಗುಂಪಿನ ಉತ್ತರಕ್ಕೂ ಎಷ್ಟು ವ್ಯತ್ಯಾಸ ಬಂದಿತೆಂಬುದನ್ನು ಬರೆದಿಟ್ಟುಕೊಳ್ಳಬೇಕು. ತೋಪುಗಾರನ ತಪ್ಪು ಎಂಥದಿದ್ದೀತೆಂಬುದು ಅದರಿಂದಲೇ ಗೊತ್ತಾಗುವುದು. ಸ್ಮಾರಕಗಳನ್ನು ನೋಡಿಕೊಳ್ಳುವವರು ಕಂಡಿಯ ಬಳಿ ಒಂದು ಫಲಕವನ್ನಿಟ್ಟು, ತೋಪುಗಳಿದ್ದ ದಿಕ್ಕು, ದೂರ, ಗುಂಡಿನ ತೂಕಗಳನ್ನು ಕನ್ನಡದಲ್ಲಿ ಬರೆಸಿದರೆ ಇನ್ನೂ ಉತ್ತಮ. ಹೋಗುವವರು ಏಪ್ರಿಲ್ ಕೊನೆಯಲ್ಲಿ, ಮುಂಗಾರಿಗೆ ಮುಂಚೆಯೇ ಹೋಗಬೇಕು. ಆಗ ನೀರು ಕಡಮೆಯಿದ್ದು ಬಂಡೆಗಳೆಲ್ಲ ಹೊರಗೆ ಕಾಣುತ್ತಿರುತ್ತವೆ.